ಗಾಡಿ ನಿಲ್ಲದ ಹುಣಸೆಮರ

"ಪೀಈಈಪ್!"

ಸೀಟಿಯ ಸದ್ದಿಗೆ ಗಂಗಿಯ ಅವ್ವ ಭೀಮವ್ವನ ಕೈಯಲ್ಲಿದ್ದ ಹಾಲಿನ ಚರಿಗೆ ಜಾರಿತು. ಅಡುಗೆಮನೆಯ ತುಂಬ ಹಾಲೋ ಹಾಲು. ಮೂಲೆಯಲ್ಲಿದ್ದ ಬೆಕ್ಕಿಗೆ ಬೆಳಗ್ಗೆಯೇ ಹಬ್ಬವಾಯಿತು.

"ಆರೂವರಿ ಆತು!" ಪಡಸಾಲೆಯಿಂದ ಅಜ್ಜನ ದನಿ ಬಂತು. "ಸ್ನಾನದ ನೀರು ಮೂರು ಮಿನಿಟ ಲೇಟ! ಗಂಗೀ, ನಿನ್ನ ಹೆಳಲ ಇನ್ನಾ ಹೆಣದಿಲ್ಲ. ನೀನೂ ಲೇಟ!"

ಗಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳ ಪೂರ್ತಿ ಹೆಸರು ಶಿವಗಂಗವ್ವ. ಆದರೆ ಅಷ್ಟು ಉದ್ದ ಕರೆಯುವ ಪುರುಸೊತ್ತು ಯಾರಿಗಿದೆ? ನಾಲ್ಕನೇ ಇಯತ್ತೆಯ ಹುಡುಗಿ. ಪುಣೆಯ ಸೋಮವಾರ ಪೇಟೆಯ ಒಂದು ವಾಡೆಯಲ್ಲಿ ಅವರ ಮನೆ.

ಅಜ್ಜ ನಿಜಲಿಂಗಪ್ಪ ಲೋಣಿ ಲೈನಿನ ಪ್ಯಾಸೆಂಜರ್ ಗಾಡಿಯ ಗಾರ್ಡ್ ಆಗಿದ್ದವನು. ಇಂಗ್ಲಿಷರ ರೈಲಿನಲ್ಲಿ ಮೂವತ್ತು ವರ್ಷ ದುಡಿದು, ರಿಟೈರ್ ಆಗಿ ಇವತ್ತಿಗೆ ಹದಿನಾರು ದಿನ. ಹಾರ ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟು ಕಳಿಸಿದ್ದರು. ಹಸಿರು ನಿಶಾನೆ, ಕೆಂಪು ನಿಶಾನೆ, ಕೈದೀಪ, ಗಡಿಯಾರ ಎಲ್ಲವನ್ನೂ ವಾಪಸ್ ತೆಗೆದುಕೊಂಡರು. ಸೀಟಿ ಮಾತ್ರ ಅಜ್ಜ ಸ್ವಂತ ದುಡ್ಡಿನಲ್ಲಿ ಕೊಂಡದ್ದು. ಹಾಗಾಗಿ ಅದು ಮನೆಗೆ ಬಂತು. ಅದರ ಹಿಂದೆಯೇ ಡ್ಯೂಟಿಯೂ ಬಂತು!

ಅಂದಿನಿಂದ ಮನೆಯೇ ಒಂದು ಗಾಡಿ. ಅಜ್ಜಿ ಕಲ್ಲವ್ವನ ಪೂಜೆಗೆ ಒಂದು ಸೀಟಿ, ಊಟಕ್ಕೆ ಎರಡು. ಅಜ್ಜ ಬಾಗಿಲಲ್ಲಿ ನಿಂತು ಕೈ ಬೀಸುವ ತನಕ ಯಾರೂ ಹೊಸಿಲು ದಾಟುವಂತಿಲ್ಲ. ಗಂಗಿಗೆ ಇದೆಲ್ಲ ಭಾರೀ ಮಜಾ. ಉಳಿದವರ ತಲೆ ಮಾತ್ರ ಕೆಟ್ಟು ಹೋಗಿತ್ತು.

ಅಂದು ಸಂಜೆ ಗಂಗಿಯ ಅಪ್ಪ ಶಿವಪುತ್ರಪ್ಪ ಮೆಲ್ಲಗೆ ಹೇಳಿದ. "ಅಪ್ಪಾ, ಮೂವತ್ತು ವರ್ಷ ದುಡದೀರಿ. ಇನ್ನ ಆರಾಮ ಕೂಡ್ರಿ. ಆ ಸೀಟಿ ಒಂದು ಊದಬ್ಯಾಡ್ರಿ."

ಅಪ್ಪ ಬೈಯಲಿಲ್ಲ. ಆದರೂ ಅಜ್ಜನ ಮುಖ ಬಾಡಿತು. ಸೀಟಿಯನ್ನು ಕೋಟಿನ ಜೇಬಿಗೆ ಹಾಕಿ, ಕೋಟನ್ನು ಗೂಟಕ್ಕೆ ನೇತು ಹಾಕಿದ.

ಮರುದಿನ ಸೀಟಿ ಇಲ್ಲ. ಯಾರಿಗೂ ಅವಸರವಿಲ್ಲ. ಗಂಗಿ ನಿಧಾನವಾಗಿ ಹೆಳಲು ಹೆಣೆಸಿಕೊಂಡು ಶಾಲೆಗೆ ಹೋದಾಗ ಪ್ರಾರ್ಥನೆ ಮುಗಿದೇಹೋಗಿತ್ತು. ಶಿಕ್ಷಕಿ ಅವಳನ್ನು ಅರ್ಧ ತಾಸು ಬಾಗಿಲಲ್ಲಿ ನಿಲ್ಲಿಸಿದರು. ನಿಂತಲ್ಲೇ ಗಂಗಿಗೆ ಆ ಸೀಟಿಯ ನೆನಪು ಬಹಳ ಬಂತು.

ಸಂಜೆ ಶಾಲೆ ಬಿಟ್ಟು ಬರುವಾಗ ನೋಡುತ್ತಾಳೆ, ಸ್ಟೇಷನ್ನಿನ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಅಜ್ಜ! ಬೇಲಿಯ ಆಚೆ ಹಳಿಗಳನ್ನೇ ನೋಡುತ್ತ ಕೂತಿದ್ದಾನೆ.

"ಅಜ್ಜಾ! ಇಲ್ಲೇನ ಮಾಡ್ತಿ?"

"ಏನಿಲ್ಲವ್ವ. ಸುಮ್ನ." ಅಜ್ಜ ಪಕ್ಕಕ್ಕೆ ಸರಿದು ಜಾಗ ಕೊಟ್ಟ. "ಗಂಗೀ, ಬರೂ ಸೋಮವಾರ ನಾ ಹುಬ್ಬಳ್ಳಿಗೆ ಹೋಗ್ತೀನಿ. ನನ್ನ ತಮ್ಮ ಈರಬಸಪ್ಪನ ಮನಿ ಲೈನಿನ ಬಾಜೂಕ ಅದ. ಖಿಡಕ್ಯಾಗ ಕುಂತ್ರ ದಿನಾ ಗಾಡಿ ನೋಡಬಹುದು."

"ಎಂದ ವಾಪಸ್ ಬರ್ತಿ?"

"ಇನ್ನ ಅಲ್ಲೇ ಇರೂದು. ಇಲ್ಲಿ ನನ್ನಿಂದ ಎಲ್ಲಾರ್ಗೂ ತ್ರಾಸ."

ಗಂಗಿ ಅಜ್ಜನ ತೋಳು ಹಿಡಿದುಕೊಂಡಳು. ಅಜ್ಜ ಇಲ್ಲದ ಮನೆಯೇ? ಅಷ್ಟರಲ್ಲಿ ಒಂದು ಗಾಡಿ ಹೊರಟಿತು. ಅದರ ಕೊನೆಯ ಡಬ್ಬಿ ಕಣ್ಮರೆಯಾಗುವ ತನಕ ಅಜ್ಜ ಕತ್ತು ಹೊರಳಿಸಿ ನೋಡಿದ.

"ಇನ್ನೊಂದು ಸ್ವಲ್ಪ ಹೊತ್ತಿಗೆ ಹಡಪ್ಸರ ದಾಟಿ ಹುಣಸಿಗಿಡದ ಹತ್ರ ಹೋಗ್ತದ" ಎಂದ. "ಆ ಗಿಡದ ಕೆಳಗ ಒಂದು ಬಾವಿ ಅದ. ಅಲ್ಲಿ ಒಬ್ಬಾಕಿ ಹೆಣ್ಣಮಗಳು ದಿನಾ ನನಗ ಕೈ ಎತ್ತತಿದ್ಲು. ನಾ ಹಸರ ನಿಶಾನಿ ತೋರಸ್ತಿದ್ದೆ. ಇಪ್ಪತ್ತು ವರ್ಷ, ಗಂಗೀ! ನನ್ನ ಕೂದಲಾ ಬೆಳ್ಳಗಾತು, ಅಕೀದೂ ಬೆಳ್ಳಗಾತು."

"ಅಕಿ ಹೆಸರೇನಜ್ಜಾ?"

"ನನಗ ಹ್ಯಾಂಗ ಗೊತ್ತಾಗಬೇಕು? ಅಲ್ಲಿ ಗಾಡಿ ನಿಲ್ಲೂದಿಲ್ಲ."

ಗಂಗಿ ಕಟ್ಟೆಯಿಂದ ಟಣ್ಣನೆ ಜಿಗಿದಳು. "ಅಜ್ಜಾ! ಈಗ ನೀ ಗಾಡ್ಯಾಗ ಇಲ್ಲಲ್ಲ! ಎಲ್ಲಿ ಬೇಕಾದ್ರ ಅಲ್ಲಿ ನಿಲ್ಲಬಹುದು!"

ಅಜ್ಜ ಕಟ್ಟೆಯಿಂದ ಎದ್ದು ನಿಂತ.

"ಹೌದಲ್ಲ!"

ಆದರೆ ಹೋಗುವುದು ಹೇಗೆ? ಗಾಡಿಯಲ್ಲಿ ಹಡಪ್ಸರದ ತನಕ ಹೋಗಬಹುದಿತ್ತು. ಅಜ್ಜ ಒಪ್ಪಲಿಲ್ಲ. "ಗಾರ್ಡ ಆಗಿ ಅಡ್ಡಾಡಿದ ಲೈನಿನ್ಯಾಗ ಟಿಕೀಟ ತಗೊಂಡು ಕುಂಡ್ರಲ್ಯಾ? ನಾಚಿಕಿ ಬರ್ತದ!" ಟಾಂಗಾದವರು ಹೊಲದ ಹಾದಿಗೆ ಬರುವುದಿಲ್ಲ. ಆಗ ಗಂಗಿಗೆ ಭುಜಂಗನ ಸೈಕಲ್ ಅಂಗಡಿ ನೆನಪಾಯಿತು. ಅಲ್ಲಿ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ಲು ಸಿಗುತ್ತಿತ್ತು.

"ಹುಡುಗ ಇದ್ದಾಗ ಹೊಡದೀನಿ ಸೈಕಲ್ಲ" ಎಂದು ಅಜ್ಜ ಮೀಸೆಯ ಮೇಲೆ ಕೈಯಾಡಿಸಿದ. "ಎಲ್ಲಿ ಮರೀತದ?"

ಮರೆತಿರಲಿಲ್ಲ. ಮರುದಿನ ಸಂಜೆ ಮೈದಾನದಲ್ಲಿ ಅಜ್ಜ ಧೋತರ ಮೇಲೆ ಕಟ್ಟಿ, ಸೈಕಲ್ ಹತ್ತಿ, ಹತ್ತು ಮಾರು ನೆಟ್ಟಗೆ ಹೋದ. ಗಂಗಿ ಚಪ್ಪಾಳೆ ತಟ್ಟಿ ಕುಣಿದಳು. ಅಷ್ಟರಲ್ಲಿ ಅಜ್ಜ ಕತ್ತು ಹೊರಳಿಸಿ ಹಿಂದೆ ನೋಡಿದ. ಸೈಕಲ್ ಅತ್ತ, ಅಜ್ಜ ಇತ್ತ!

"ಆಜೋಬಾ, ಪುಢೇ ಬಘಾ! ಪುಢೇ!" ಅಜ್ಜಾ, ಮುಂದೆ ನೋಡಿ, ಮುಂದೆ ಎಂದು ಭುಜಂಗ ಮರಾಠಿಯಲ್ಲಿ ಕೂಗಿಕೊಂಡ.

ಅಜ್ಜ ಮತ್ತೆ ಹತ್ತಿದ. ಹತ್ತು ಮಾರು ಹೋಗಿ ಮತ್ತೆ ಹಿಂದೆ ನೋಡಿದ. ಮತ್ತೆ ಬಿದ್ದ. ಶುಕ್ರವಾರ ಟಾಂಗಾ ಕುದುರೆಗಳಿಗೆ ಒಟ್ಟಿದ್ದ ಹುಲ್ಲಿನ ಮೇಲೆ ಬಿದ್ದ. ಕುದುರೆಯೊಂದು ಅವನ ರುಮಾಲನ್ನೂ ಹುಲ್ಲೆಂದೇ ತಿಳಿದು ಬಾಯಿ ಹಾಕಿತು.

"ಅಜ್ಜಾ, ಹಿಂದ ಯಾಕ ನೋಡ್ತಿ? ಹಿಂದ ಏನದ?"

"ಸ್ಟೇಷನ್ ಬಿಟ್ಟ ಮ್ಯಾಲೆ ಗಾರ್ಡ ಹಿಂದ ನೋಡಬೇಕವ್ವ. ಎಲ್ಲಾ ಸರಿ ಅದನೋ ಇಲ್ಲೋ ಅಂತ. ನೋಡಲಿಲ್ಲಂದ್ರ ಜೀವಕ್ಕ ಸಮಾಧಾನ ಇಲ್ಲ. ಬ್ಯಾಡ ಅಂದ್ರೂ ಕುತಿಗಿ ತಾನ ಹೊಳ್ಳತದ."

ಶನಿವಾರ ಅಜ್ಜನ ಮೊಣಕಾಲು ತರಚಿತು. ಕಲ್ಲವ್ವ ಅರಿಶಿನ ಹಚ್ಚುತ್ತ ಗೊಣಗಿದಳು. "ಮೂವತ್ತು ವರ್ಷ ಗಾಡ್ಯಾಗ ಇದ್ದು ಒಂದ ಗಾಯ ಆಗಲಿಲ್ಲ. ಈಗ ಮೂರು ದಿನದಾಗ ನೋಡ್ರಿ ಮೈ ಎಲ್ಲಾ!"

"ಸಾಕು" ಎಂದ ಅಜ್ಜ. "ಇದು ನನ್ನ ಕೈಲೆ ಆಗೂದಲ್ಲ. ಸೋಮವಾರ ಹುಬ್ಬಳ್ಳಿ ಗಾಡಿ ಹತ್ತತೀನಿ."

ಗಂಗಿಗೆ ಅಳುವೇ ಬಂತು. ಎದ್ದು ಹೋಗಿ ಗೂಟದಲ್ಲಿದ್ದ ಅಜ್ಜನ ಕೋಟಿಗೆ ಮುಖ ಒತ್ತಿ ನಿಂತಳು. ಕೆನ್ನೆಗೆ ಏನೋ ಗಟ್ಟಿಯಾಗಿ ಚುಚ್ಚಿತು. ಜೇಬಿನಲ್ಲಿದ್ದ ಸೀಟಿ! ಅದನ್ನು ತೆಗೆದು ನೋಡಿದಳು. ನೋಡುತ್ತ ನೋಡುತ್ತ ಅವಳ ಅಳು ನಿಂತೇಹೋಯಿತು.

"ಅಜ್ಜಾ! ಒಂದು ಗಾಡಿಗೆ ಗಾರ್ಡ ಎಷ್ಟ ಮಂದಿ?"

"ಒಬ್ಬನ."

"ಡ್ರೈವರ?"

"ಅಂವಾ ಬ್ಯಾರೆ. ಮುಂದ ಇಂಜಿನ್ನಿನ್ಯಾಗ ಇರ್ತಾನ."

"ಡ್ರೈವರ ಎಲ್ಲಾ ಸರಿ ಅದೇನಂತ ಘಳಿಗಿಗೊಮ್ಮೆ ಹಿಂದ ನೋಡ್ತಾನೇನು?"

"ಛೇ! ಅಂವಾ ಯಾಕ ನೋಡಬೇಕು? ಹಿಂದ ಗಾರ್ಡ ಇರ್ತಾನಲ್ಲ!"

"ಹಂಗಾರ" ಎಂದಳು ಗಂಗಿ, ಸೀಟಿಯನ್ನು ಕೊರಳಿಗೆ ಹಾಕಿಕೊಳ್ಳುತ್ತ, "ನಾಳೆ ನೀ ಡ್ರೈವರ. ನಾ ಗಾರ್ಡ."

ಅಜ್ಜ ಅವಳನ್ನೇ ನೋಡಿದ. ಆಮೇಲೆ ಅವನು ನಕ್ಕ ನಗುವಿಗೆ ಅರಿಶಿನದ ಬಟ್ಟಲು ಮಗುಚಿತು.

ಭಾನುವಾರ ಬೆಳಗ್ಗೆ ಭುಜಂಗ ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿಚೀಲ ಮಡಿಸಿ ಕಟ್ಟಿಕೊಟ್ಟ. ಗಂಗಿ ಅದರ ಮೇಲೆ ಹಿಂದೆ ಮುಖ ಮಾಡಿ ಕೂತಳು. ಅವಳ ತೊಡೆಯ ಮೇಲೆ ಬುತ್ತಿಯ ಗಂಟು. ಕಲ್ಲವ್ವ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಹಸಿರು ಬಟ್ಟೆಯಲ್ಲಿ ಕಟ್ಟಿದ್ದಳು. ಮೊದಲು ಮೈದಾನದಲ್ಲಿ ಎರಡು ಸುತ್ತು. ಅಜ್ಜನ ಕುತ್ತಿಗೆ ಹೊರಳುವುದರಲ್ಲಿತ್ತು.

"ಹಿಂದ ಎಲ್ಲಾ ಸರಿ ಅದ, ಡ್ರೈವರ! ರೈಟ್!" ಎಂದು ಗಂಗಿ ಕೂಗಿ ಸೀಟಿ ಊದಿದಳು.

ಕುತ್ತಿಗೆ ಹೊರಳಲಿಲ್ಲ! ಸೈಕಲ್ ಪೇಟೆ ದಾಟಿತು. ಟಾಂಗಾಗಳನ್ನು ದಾಟಿತು. ಹಡಪ್ಸರದ ರಸ್ತೆ ಹಿಡಿಯಿತು. ಗಾಳಿಗೆ ಗಂಗಿಯ ಹೆಳಲು ಹಾರಾಡಿತು.

"ಗಾರ್ಡ! ಹಿಂದ ಏನರೆ ಅದೇನು?"

"ಒಂದು ನಾಯಿ ಬೆನ್ನ ಹತ್ಯದ, ಅಜ್ಜಾ!"

"ಸ್ಪೀಡ ಎಷ್ಟದ?"

"ಭಾಳ ಅದ! ತುಳಿ ಅಜ್ಜಾ, ತುಳಿ!"

ಅಜ್ಜ ತುಳಿದ. ಅಬ್ಬಬ್ಬಾ, ಅದೇನು ತುಳಿದ! ನಾಯಿ ಸೋತು ರಸ್ತೆಯಲ್ಲೇ ಕೂತುಬಿಟ್ಟಿತು. ಇಬ್ಬರೂ ನಕ್ಕೂ ನಕ್ಕೂ ಸುಸ್ತಾದರು.

ಹಡಪ್ಸರ ದಾಟಿ, ಹಳಿಯ ಬದಿಯ ಬಂಡಿದಾರಿ ಹಿಡಿದು, ಬಿಸಿಲು ಏರುವ ಹೊತ್ತಿಗೆ ಅವರು ಹುಣಸೆಮರದ ಹತ್ತಿರ ಬಂದರು. ಬಾವಿ ಇತ್ತು. ಹೊಲದಲ್ಲಿ ಐದಾರು ಹೆಂಗಸರು ಕಳೆ ತೆಗೆಯುತ್ತಿದ್ದರು. ಅವರಲ್ಲಿ ಒಬ್ಬಳ ತಲೆ ಪೂರ್ತಿ ಬೆಳ್ಳಗಿತ್ತು.

ಅಜ್ಜ ಸೈಕಲ್ ನಿಲ್ಲಿಸಿದ. ಮಾತಾಡಲು ಅವನಿಗೆ ನಾಚಿಕೆಯೋ ಏನೋ. ಸುಮ್ಮನೆ ನೆಟ್ಟಗೆ ನಿಂತು, ಕೈಯಲ್ಲಿ ನಿಶಾನೆ ಇದ್ದ ಹಾಗೆ ತೋಳು ಚಾಚಿ ಬೀಸಿದ.

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಕೈಯಲ್ಲಿದ್ದ ಕಳೆ ತೆಗೆಯುವ ಕುರ್ಚಿಗಿ ಕೆಳಗೆ ಬಿತ್ತು. "ಅಗ್ಗಬಾಈ! ಹಿರವಾ ಝೇಂಡಾ!" ಹಸಿರು ಬಾವುಟ ಎಂದು ಕೂಗುತ್ತ ಓಡಿಯೇ ಬಂದಳು.

ಅವಳ ಹೆಸರು ರಾಧಾಬಾಯಿ. ಅವಳು ಮರಾಠಿಯಲ್ಲಿ ಹೇಳುತ್ತ ಹೋದಳು. ಗಂಗಿಯ ಶಾಲೆ ಮರಾಠಿಯದೇ ಆದ್ದರಿಂದ ಅವಳಿಗೆ ಎಲ್ಲ ತಿಳಿಯಿತು. ರಾಧಾಬಾಯಿ ಇಷ್ಟು ವರ್ಷ ಹಸಿರು ನಿಶಾನೆ ಎಂದರೆ ಊಟದ ಹೊತ್ತು ಎಂದೇ ತಿಳಿದಿದ್ದಳು! ಈ ಹಳಿಯ ಮೇಲೆ ಎಷ್ಟೋ ಗಾಡಿ ಹೋಗುತ್ತವೆ. ಯಾವುದು ಊಟದ ಗಾಡಿ ಎಂದು ಹೇಗೆ ತಿಳಿಯಬೇಕು? ನಿಶಾನೆ ಕಂಡಿತೋ, ಕೈ ಎತ್ತಿ ಎಲ್ಲರನ್ನೂ ಭಾಕರಿ ಊಟಕ್ಕೆ ಕರೆಯುವುದು. ಈಗ ಮೂರು ವಾರದಿಂದ ನಿಶಾನೆ ಇಲ್ಲ. ಹೊಸ ಗಾರ್ಡ್ ಇತ್ತ ನೋಡುವುದೂ ಇಲ್ಲ. ಒಂದು ದಿನ ಊಟ ಬೇಗ, ಒಂದು ದಿನ ತಡ.

"ನಿಮಗೇನಾಯಿತೋ ಎಂದು ದಿನಾ ಅಂದುಕೊಳ್ಳುತ್ತಿದ್ದೆ, ಭಾವೂ" ಎಂದಳು ರಾಧಾಬಾಯಿ. ಭಾವೂ ಎಂದರೆ ಅಣ್ಣ.

ಅಜ್ಜ ರುಮಾಲಿನ ಚುಂಗಿನಿಂದ ಕಣ್ಣು ಒರೆಸಿಕೊಂಡ. "ಕಣ್ಣಾಗ ಗಾಡಿ ಧೂಳ ಹೋತು" ಎಂದ. ಗಾಡಿಯೇ ಬಂದಿರಲಿಲ್ಲ!

ಬಂತು ನೋಡಿ ಆಗ. ದೂರದಲ್ಲಿ ಹೊಗೆ ಎದ್ದಿತು. ಅಜ್ಜ ಗಂಗಿಯ ಕೈ ಹಿಡಿದು ಬಾವಿಕಟ್ಟೆ ಹತ್ತಿದ. ಕಪ್ಪು ಇಂಜಿನ್ನು ಗಡಗಡ ನೆಲ ನಡುಗಿಸುತ್ತ ಎದುರಿಗೇ ಬಂತು. ಬಿಳಿ ಉಗಿ, ಕೆಂಪು ಬೆಂಕಿ, ಮಿರಿಮಿರಿ ಮಿಂಚುವ ಗಾಲಿ!

"ಏ ಗಂಗೀ! ನೋಡ ನೋಡ! ಏನ ಓಡಿ ಬರ್ತದ ಇದು!" ಅಜ್ಜ ಹುಡುಗನ ಹಾಗೆ ಕುಣಿದ. "ನಾ ಬರೇ ಬಾಲ ಕಾಯ್ದೆ! ಇದರ ಮಾರಿ ಹಿಂಗ ಎದರಿಗೆ ಬರೂದು ಒಮ್ಮೆರೆ ನೋಡಿರಲಿಲ್ಲ!"

ಗಂಗಿ ಸೀಟಿ ಬಾಯಿಗಿಟ್ಟಳು. ಅಜ್ಜ ಗಬಕ್ಕನೆ ಹಿಡಿದ. "ಗಾಡಿ ಹತ್ರ ಊದಬಾರ್ದು. ಡ್ರೈವರ್ಗ ಮೋಸ ಆದೀತು." ಅವನು ರಿಟೈರ್ ಆಗಿರಬಹುದು, ರೂಲು ಆಗಿರಲಿಲ್ಲ.

ಕೊನೆಯ ಡಬ್ಬಿ ದಾಟಿದ ಮೇಲೆ ಗಂಗಿಗೆ ಬೇರೆಯೇ ಹೊಳೆಯಿತು. ಬುತ್ತಿಯ ಗಂಟು ಬಿಚ್ಚಿ, ರೊಟ್ಟಿಯನ್ನು ಅಜ್ಜನ ಕೈಗಿಟ್ಟು, ಹಸಿರು ಬಟ್ಟೆಯನ್ನು ಹೊಲದ ಕಡೆ ಜೋರಾಗಿ ಬೀಸಿದಳು. ಹೆಂಗಸರೆಲ್ಲ ಹೋ ಎಂದು ನಗುತ್ತ ಊಟಕ್ಕೆ ಎದ್ದು ಬಂದರು. ಮರದ ನೆರಳಲ್ಲಿ ಜೋಳದ ರೊಟ್ಟಿ ಅತ್ತ ಹೋಯಿತು, ಸಜ್ಜೆಯ ಭಾಕರಿ ಇತ್ತ ಬಂತು. ಅಜ್ಜ ನಾಲ್ಕು ತಿಂದ. ಲೇಟ್ ಎಂಬ ಮಾತು ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಹೊರಡುವಾಗ ಬಿಸಿಲು ಇಳಿದಿತ್ತು. ಗಂಗಿ ಮತ್ತೆ ಹಿಂದೆ ಮುಖ ಮಾಡಿ ಕೂತಳು. ಸೋಮವಾರದ ಹುಬ್ಬಳ್ಳಿ ಗಾಡಿ ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ದಾರಿಯಲ್ಲಿ ಕೇಳಿಯೇಬಿಡಬೇಕು ಎಂದುಕೊಂಡಳು.

ಸೈಕಲ್ ಮುಂದೆ ಸಾಗಿತು. ಹುಣಸೆಮರ ಸಣ್ಣದಾಗುತ್ತ ಹೋಯಿತು. ಬಾವಿ ಸಣ್ಣದಾಯಿತು. ರಾಧಾಬಾಯಿ ಇನ್ನೂ ಕೈ ಎತ್ತಿಯೇ ನಿಂತಿದ್ದಳು. ಹಿಂದೆ ಕೂತವರಿಗೆ ಎಲ್ಲವೂ ಹೀಗೆ ದೂರ ಹೋಗುವುದೇ ಕಾಣುತ್ತದೆ. ಅಜ್ಜ ಮೂವತ್ತು ವರ್ಷ ಇದನ್ನೇ ನೋಡಿದ್ದನಲ್ಲ ಎಂದು ಗಂಗಿಗೆ ಅನ್ನಿಸಿತು. ಹಸಿರು ಬಟ್ಟೆ ತೆಗೆದು, ಅಜ್ಜನ ಪರವಾಗಿ, ಮರ ಕಾಣುವ ತನಕ ಬೀಸಿದಳು.

"ಗಾರ್ಡ! ಹಿಂದ ಎಲ್ಲಾ ಸರಿ ಅದೇನು?"

"ಎಲ್ಲಾ ಸರಿ ಅದ, ಅಜ್ಜಾ."

"ಭೇಷ್! ಮತ್ತ ಕೇಳು. ಲೋಣಿ ಹತ್ರ ಒಂದು ಹಳ್ಳ ಅದ. ಅಲ್ಲಿ ಒಬ್ಬಾಂವ ಎಮ್ಮಿ ಮೈ ತೊಳೀತಿರ್ತಾನ. ನನ್ನ ಕಂಡ್ರ ಎಮ್ಮಿ ಮ್ಯಾಲ ಎದ್ದು ನಿಂತು ಸಲಾಮ ಹೊಡೀತಿದ್ದ. ಅಲ್ಲೂ ಗಾಡಿ ನಿಲ್ಲೂದಿಲ್ಲ. ಬರೂ ಭಾನುವಾರ ನಿನಗ ಡ್ಯೂಟಿ ಅದ. ಲೇಟ ಮಾಡಬ್ಯಾಡ."

ಗಂಗಿ ತಿರುಗಿ ನೋಡಿದಳು. ಅಜ್ಜನ ಬಿಳಿ ರುಮಾಲು ನೆಟ್ಟಗೆ ಮುಂದಕ್ಕೆ ನೋಡುತ್ತಿತ್ತು. ಸೋಮವಾರದ ಮಾತು ಅವಳ ಬಾಯಿಯ ತನಕ ಬಂದಿತ್ತು. ಅದನ್ನು ಅಲ್ಲೇ ಬಿಟ್ಟು, ಸೀಟಿ ಬಾಯಿಗಿಟ್ಟುಕೊಂಡು, ಉಸಿರಿರುವಷ್ಟು ಹೊತ್ತು ಉದ್ದಕ್ಕೆ ಊದಿದಳು.