ಮೂರನೆಯ ಸಿಲಿಂಡರಿನ ಕಾಯಿಲ್

ಇನ್ಸ್‌ಪೆಕ್ಟರರ ಚಿಕ್ಕಂದಿನಲ್ಲಿ ಅವರ ಅಮ್ಮ, ಅಪ್ಪನ ಪ್ಯಾಂಟಿಗೆ ಹತ್ತಿದ ಗ್ರೀಸ್ ಕಲೆಯನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆಯುತ್ತಿದ್ದರು. ಹಿತ್ತಿಲ ಬಾಗಿಲಲ್ಲಿ ಕೂತು ಆ ವಾಸನೆಯನ್ನು ಮೂಗರಳಿಸಿ ಹೀರುವುದು ಹುಡುಗನಿಗೆ ಬಲು ಇಷ್ಟವಾಗಿತ್ತು. ಶನಿವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಅಂಗಿಯಿಂದ ಅದೇ ವಾಸನೆ ಬಂತು. ಈ ಸಲ ಅದು ಗಂಟಲಿಗೇ ಹೊಡೆಯಿತು.

ಬಂದವನು ಪೇಟೆ ಬೀದಿಯ ಬೇಕರಿಯವನು. ಎಡಗೈ ಪಟ್ಟಿಯಲ್ಲಿ ತೂಗುತ್ತಿತ್ತು. ಹಿಂದಿನ ದಿನ ಮಧ್ಯಾಹ್ನ ಸೇತುವೆಯಾಚೆಯ ಏರಿನಲ್ಲಿ ಅವನ ಕಾರಿಗೆ ಹಿಂದಿನಿಂದ ಲಾರಿ ಗುದ್ದಿ, ಹಿಂದಿನ ಸೀಟಿನಲ್ಲಿದ್ದ ಅಪ್ಪ ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಅವನು ಅಲ್ಲಿಂದ ನೇರವಾಗಿ, ಬಟ್ಟೆಯನ್ನೂ ಬದಲಿಸದೆ ಬಂದಿದ್ದ. ಠಾಣೆಯವರೆಲ್ಲ 'ಅಕ್ಕ' ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲ್, ಏನೂ ಕೇಳದೆ ಒಂದು ಲೋಟ ನೀರು ಕೊಟ್ಟು, ನೋಯುವ ಕೈಗೆ ಆಸರೆಯಾಗಿ ಫೈಲುಗಳ ಕಟ್ಟೊಂದನ್ನು ಮೇಜಿನ ಅಂಚಿಗೆ ಸರಿಸಿಟ್ಟರು.

"ಲಾರಿಯವನದ್ದೇನೂ ತಪ್ಪಿಲ್ಲ ಸಾರ್," ಎಂದ ಅವನು. "ಟ್ರ್ಯಾಕ್ಟರ್ ದಾಟೋಕೆ ಹೋದೆ. ಗಾಡಿ ಎಳೆದಾಡೋಕೆ ಶುರುವಾಯ್ತು. ಎಷ್ಟು ಒತ್ತಿದ್ರೂ ಎಳೀಲಿಲ್ಲ. ನಡುರಸ್ತೇಲಿ ಗಕ್ಕಂತ ನಿಂತುಬಿಡ್ತು."

"ಓಡಿಸುವಾಗ ಫೋನಲ್ಲಿದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ. ಜೇಬಲ್ಲಿತ್ತು."

ಉಳಿದದ್ದನ್ನು ಅವನು ನೆಲ ನೋಡುತ್ತಲೇ ಹೇಳಿದ. ಓಡಿಸಲು ಬರದವನು ಮುದುಕರನ್ನು ಯಾಕೆ ಕೂರಿಸಿಕೊಂಡು ಹೋದೆ ಎಂದು ಭಾವ ಆಸ್ಪತ್ರೆಯ ಹಜಾರದಲ್ಲೇ ಕೂಗಾಡಿದ್ದ. ಅಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮಗನತ್ತ ತಿರುಗಿಯೂ ನೋಡಲಿಲ್ಲ.

"ನಾನೇ ಅಪ್ಪನ್ನ ಕೊಂದಿದ್ರೆ ನನ್ನ ಹೆಸರೇ ಬರ್ಕೊಳ್ಳಿ. ಅಲ್ಲ ಅಂದ್ರೆ, ಅದನ್ನ ಯಾರಾದ್ರೂ ನಮ್ಮಮ್ಮನಿಗೆ ಹೇಳಿ."

ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ 'ಪತ್ತೆಯಾಗಬೇಕಿದೆ' ಎಂದು ಅಕ್ಕ ಬರೆದರು. ಬ್ರೇಕ್ ಪ್ಯಾಡ್ ಬದಲಿಸಲು ಬಿಟ್ಟಿದ್ದ ಕಾರನ್ನು ಶುಕ್ರವಾರ ಬೆಳಿಗ್ಗೆಯಷ್ಟೇ ಗ್ಯಾರೇಜಿನಿಂದ ತಂದಿದ್ದನಂತೆ. ಯಾವ ಗ್ಯಾರೇಜು ಎಂದು ತಿಳಿದಾಗ ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಅಲ್ಲಿನ ಮೇಸ್ತ್ರಿಯದು ಒಳ್ಳೆಯ ಕೈ, ತಮ್ಮ ಕಾರನ್ನು ನೋಡುವುದೂ ಅವನೇ, ಮೊನ್ನೆ ಜರ್ಕ್ ಹೊಡೆಯುತ್ತಿದ್ದುದನ್ನು ಒಂದೇ ಸಂಜೆಯಲ್ಲಿ ಸರಿಮಾಡಿದ ಎಂದು ಅಕ್ಕನಿಗೆ ಹೇಳಿದರು. ಹೇಳುವಾಗ ದನಿಯಲ್ಲಿ ತುಸು ಹೆಮ್ಮೆಯೂ ಇತ್ತು.

ಮಧ್ಯಾಹ್ನ ಠಾಣೆಯ ಹಿಂದಿನ ಬಯಲಿನಲ್ಲಿ, ಸೈಕಲ್ ಅಂಗಡಿಯವನನ್ನೂ ಹಾಲಿನ ಬೂತಿನಾಕೆಯನ್ನೂ ಪಂಚ ಸಾಕ್ಷಿಗಳಾಗಿ ಕರೆದು ಪಂಚನಾಮೆ ನಡೆಯಿತು. ಕಾರಿನ ಹಿಂಭಾಗ ಅಪ್ಪಚ್ಚಿಯಾಗಿತ್ತು, ಮುಂಭಾಗಕ್ಕೆ ಒಂದು ಗೀರೂ ಆಗಿರಲಿಲ್ಲ. ಒಡೆದ ಟ್ಯಾಂಕನ್ನು ಬಿಟ್ಟು, ಕ್ಯಾನಿನಿಂದ ಪೆಟ್ರೋಲ್ ಕೊಟ್ಟು, ಆರ್‌ಟಿಒ ಕಚೇರಿಯಿಂದ ಬಂದಿದ್ದ ವಾಹನ ನಿರೀಕ್ಷಕರು ಎಂಜಿನ್ ಚಾಲೂ ಮಾಡಿದರು. ಮೊದಲು ನೆಟ್ಟಗೇ ಓಡಿತು. ಕಾದ ಮೇಲೆ ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಮೂರನೆಯ ಸಿಲಿಂಡರಿನಲ್ಲಿ ಕಿಡಿ ಹತ್ತುತ್ತಿಲ್ಲ ಎಂದು ಸ್ಕ್ಯಾನರ್ ತೋರಿಸಿತು. ಪ್ಲಗ್ ಚೆನ್ನಾಗಿಯೇ ಇತ್ತು. ನಿರೀಕ್ಷಕರು ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲನ್ನು ಮೂರನೆಯದರಿಂದ ಕಿತ್ತು ಒಂದನೆಯದಕ್ಕೆ ಹಾಕಿದರು, ಒಂದನೆಯದನ್ನು ಮೂರಕ್ಕೆ. ದೋಷವೂ ಕಾಯಿಲಿನ ಜೊತೆಗೇ ಒಂದನೆಯ ಸಿಲಿಂಡರಿಗೆ ಹೋಯಿತು.

"ತಣ್ಣಗಿದ್ದಾಗ ಸಾಧು ಪ್ರಾಣಿ ಇದು," ಎಂದರು ನಿರೀಕ್ಷಕರು. "ಬಿಸಿಯಾಗಿ ಏರು ಬಂತೋ, ಕೈ ಕೊಡುತ್ತೆ."

ಆಮೇಲೆ ನಾಲ್ಕೂ ಕಾಯಿಲುಗಳನ್ನು ಒರೆಸಿ ಸಾಲಾಗಿ ಇಟ್ಟರು. ಮೂರು ಕಾಯಿಲುಗಳ ಮೇಲೆ ಒಂದೇ ಕಂಪನಿಯ ಅಚ್ಚು. ಸೀಳು ಬಿಟ್ಟಿದ್ದ ಆ ದೋಷದ ಕಾಯಿಲ್ ಮಾತ್ರ ಹಳೆಯದು, ಅಚ್ಚೂ ಬೇರೆ.

"ಇದು ಈ ಗಾಡೀದಲ್ಲ."

ಭಾನುವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮತ್ತು ಅಕ್ಕ ಗ್ಯಾರೇಜಿಗೆ ಹೋದಾಗ ಮೇಸ್ತ್ರಿ ಒಂದು ಟೈರಿನ ಮೇಲೆ ಕೂತಿದ್ದ. ಯಾವಾಗಲೂ ಓಡಿಬಂದು ಕುರ್ಚಿ ಒರೆಸುವವನು ಇಂದು ಏಳಲಿಲ್ಲ. ಎರಡು ದಿನದಿಂದ ಮುಖಕ್ಕೆ ನೀರು ಬಿದ್ದಂತಿರಲಿಲ್ಲ.

"ಬ್ರೇಕಿಗೆ ಬಂದ ಗಾಡಿ. ಕಾಯಿಲ್ ಯಾಕೆ ಮುಟ್ಟಿದೆ?"

"ಇನ್ನೊಂದು ಗಾಡಿ ಮಿಸ್ ಹೊಡೀತಿತ್ತು ಸಾರ್, ಕಿಡಿ ಸರಿಯಾಗಿ ಹತ್ತುತ್ತಿರ್ಲಿಲ್ಲ. ಪಕ್ಕದಲ್ಲಿರೋ ಅಂಥದ್ದೇ ಗಾಡೀಲಿ ಚೆನ್ನಾಗಿರೋದನ್ನ ತೆಗೆದು ಹಾಕಿ ನೋಡಿದ್ರೇ ಗೊತ್ತಾಗೋದು. ನಾವೆಲ್ಲ ನೋಡೋದು ಹಾಗೇ."

"ನೋಡಿದ ಮೇಲೆ ವಾಪಸ್ ಹಾಕಬೇಕಲ್ಲ?"

"ಆ ಗಾಡಿಯವರಿಗೆ ಅವತ್ತೇ ಬೇಕಿತ್ತು. ಹೊಸದು ಸಿಗೋದು ಮಾರನೇ ದಿನ. ಬೇಕರಿಯವರ ಗಾಡಿ ಹೇಗೂ ಶುಕ್ರವಾರ ಸಂಜೆ ತನಕ ಇಲ್ಲೇ ಇರುತ್ತಲ್ಲ ಅಂತ ಕೆಟ್ಟಿದ್ದನ್ನ ಅದಕ್ಕೆ ಹಾಕಿಟ್ಟೆ."

"ಯಾರದ್ದು ಆ ಗಾಡಿ?"

ಮೇಸ್ತ್ರಿ ಇನ್ಸ್‌ಪೆಕ್ಟರರನ್ನು ನೋಡಲಿಲ್ಲ. ಅಕ್ಕನ ಕಡೆ ತಿರುಗಿ, "ಅದೊಂದು ಬರೀಬೇಡಿ ಅಕ್ಕಾ. ಮಿಕ್ಕಿದ್ದೆಲ್ಲ ನಾನೇ ಒಪ್ಕೋತೀನಿ," ಎಂದ.

ಗುರುವಾರ ಇನ್ಸ್‌ಪೆಕ್ಟರ್ ಇದೇ ಜಾಗದಲ್ಲಿ ನಿಂತಿದ್ದರು. ಅತ್ತಿಗೆಯ ಮನೆಗೆ ಹೋಗಬೇಕು, ಸಂಜೆಗೆ ಗಾಡಿ ಬೇಕೇ ಬೇಕು ಎಂದಿದ್ದರು. ನಾಳೆ ಆಗುತ್ತೆ ಸಾರ್ ಎಂದು ಮೇಸ್ತ್ರಿ ತಲೆ ಕೆರೆದುಕೊಂಡಿದ್ದಕ್ಕೆ, ಅವನ ಹೆಗಲ ಮೇಲೆ ಕೈಯಿಟ್ಟು ನಕ್ಕು, "ಸಂಜೆಗೆ ಆಗ್ಲಿಲ್ಲ ಅಂದ್ರೆ ನಿನ್ನ ಒಳಗೆ ಹಾಕ್ತೀನಿ ನೋಡು," ಎಂದಿದ್ದರು. ತಮಾಷೆಗೆ ಹೇಳಿದ್ದು. ಆದರೆ ಮೈಮೇಲೆ ಖಾಕಿ ಇತ್ತು.

ಅಕ್ಕನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

"ಬರ್ಕೊಳ್ಳಿ ಅಕ್ಕ," ಎಂದರು ಇನ್ಸ್‌ಪೆಕ್ಟರ್. "ಗಾಡಿ ನಂದು."

ಮುಂದಿನದ್ದನ್ನು ಮೇಸ್ತ್ರಿ ಅಳುಕದೆ ಹೇಳಿಬಿಟ್ಟ, ಹೇಳಿ ಹಗುರಾಗಲು ಕಾದಿದ್ದವನಂತೆ. ಶುಕ್ರವಾರ ಬೆಳಿಗ್ಗೆ ಹೊಸ ಕಾಯಿಲ್ ತರಲು ಬಿಡಿಭಾಗದ ಅಂಗಡಿಗೆ ಹೋಗಿದ್ದ. ಅಷ್ಟರಲ್ಲಿ ಬೇಕರಿಯವನು ಬಂದ. ವಿಷಯ ತಿಳಿಯದ ಮೇಸ್ತ್ರಿಯ ಹೆಂಡತಿ ಕೀಲಿ ಕೊಟ್ಟು ಕಳಿಸಿದಳು. ಮೇಸ್ತ್ರಿ ಮರಳಿ ಬಂದಾಗ ಕಾರು ನಿಂತಿದ್ದ ಜಾಗ ಖಾಲಿ.

"ಒಂದು ಫೋನ್ ಮಾಡಬಾರದಿತ್ತೇನೋ?"

"ಕೈಗೆ ತಗೊಂಡೆ ಸಾರ್. ನಿಮ್ಮ ಗಾಡಿ ಸಾಮಾನು ಬಿಚ್ಚಿ ಇನ್ನೊಬ್ಬರಿಗೆ ಹಾಕಿದೀನಿ ಅಂತ ಹೇಗೆ ಹೇಳೋದು? ಸ್ವಲ್ಪ ಎಳೆದಾಡುತ್ತೆ, ಅವರೇ ವಾಪಸ್ ತರ್ತಾರೆ ಅಂದ್ಕೊಂಡೆ. ಅಪ್ಪನ್ನ ಕೂರಿಸ್ಕೊಂಡು ಏರು ಹತ್ತಿಸ್ತಾರೆ ಅಂತ..." ಹೊಸ ಕಾಯಿಲ್ ಇನ್ನೂ ಡಬ್ಬಿ ಒಡೆಯದೆ ಕಪಾಟಿನಲ್ಲಿತ್ತು. ಅಕ್ಕ ಅದನ್ನು ಜಪ್ತಿ ಮಾಡಿದರು.

ಇನ್ಸ್‌ಪೆಕ್ಟರ್ ತಮ್ಮ ಕಾರಿನ ಕೀಲಿಯನ್ನೂ ಅಕ್ಕನ ಕೈಗಿತ್ತರು. ಪಂಚರ ಎದುರು ಬಾನೆಟ್ ತೆರೆದಾಗ, ಮೂರನೆಯ ಸಿಲಿಂಡರಿನ ಮೇಲೆ ಬೇಕರಿಯವನ ಕಾಯಿಲ್ ಸುಭದ್ರವಾಗಿ ಕೂತಿತ್ತು. ತಾವೂ ಈಗ ಸಾಕ್ಷಿ, ತನಿಖೆಯನ್ನು ಬೇರೆಯವರಿಗೆ ಒಪ್ಪಿಸಬೇಕು ಎಂದು ಅವರು ಮೇಲಧಿಕಾರಿಗೆ ಬರೆದರು. ಊರಿಗೆಲ್ಲ ಡಂಗುರ ಸಾರಬೇಕಿತ್ತೇನ್ರೀ ಎಂದು ಮೇಲಧಿಕಾರಿ ಫೋನಿನಲ್ಲಿ ಸಿಡುಕಿದರು. ಬೇಕಿತ್ತು ಸಾರ್ ಎಂದು ಹೇಳಿ ಇವರು ಫೋನಿಟ್ಟರು.

ಸೋಮವಾರ ಪಕ್ಕದ ಠಾಣೆಯ ಅಧಿಕಾರಿ ಬಂದು ಮೇಸ್ತ್ರಿಯನ್ನು ಬಂಧಿಸಿದರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪ. ಅವನು ದುರಾಸೆಗೆ ಬಿದ್ದವನಲ್ಲ, ಯಾರ ಮೇಲೂ ಅವನಿಗೆ ಹಗೆಯೂ ಇರಲಿಲ್ಲ. ಖಾಕಿ ತೊಟ್ಟವರಿಗೆ ಆಗಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಆಮೇಲೆ ತನ್ನ ಕೆಲಸದ ಹೆಸರು ಕೆಟ್ಟೀತೆಂದು ಒಂದು ನಿಜ ನುಂಗಿದ. ಕಾನೂನಿನಲ್ಲಿ ಎರಡನೆಯದಕ್ಕೆ ಕಲಂ ಇತ್ತು. ಮೊದಲನೆಯದಕ್ಕೆ ಕಾರಣರಾದ ಇನ್ಸ್‌ಪೆಕ್ಟರರಿಗೆ ಯಾವ ಕಲಮೂ ಇರಲಿಲ್ಲ. ಅದೇ ಅವರನ್ನು ಹೆಚ್ಚು ಚುಚ್ಚಿತು.

ಅಂದು ಮಧ್ಯಾಹ್ನ ಅವರು ಸಾದಾ ಬಟ್ಟೆಯಲ್ಲಿ ಬೇಕರಿಯ ಮೇಲಿನ ಮನೆಗೆ ಹೋದರು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. ಮಗ ಕಿಟಕಿಯ ಬಳಿ ಗೋಡೆಗೊರಗಿ ಕೂತಿದ್ದ. ಕಾಯಿಲ್ ಏನು, ಅದು ಎಲ್ಲಿಂದ ಎಲ್ಲಿಗೆ ಹೋಯಿತು, ಅದು ಯಾರ ಅವಸರ ಎಂಬುದನ್ನೆಲ್ಲ ಇನ್ಸ್‌ಪೆಕ್ಟರ್ ಒಂದನ್ನೂ ಮುಚ್ಚಿಡದೆ ಹೇಳಿದರು.

"ನಿಮ್ಮ ಮಗನ ತಪ್ಪು ಇದರಲ್ಲಿ ಏನೂ ಇಲ್ಲಮ್ಮ. ಯಾರೇ ಓಡಿಸಿದ್ರೂ ಆ ಗಾಡಿ ಅಲ್ಲಿ ನಿಲ್ತಿತ್ತು. ತಪ್ಪಲ್ಲಿ ನನ್ನ ಪಾಲೂ ಇದೆ."

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ಹಬೆಯಾಡುವ ಅನ್ನ. ಒಂದೇ ಕೈಯಲ್ಲಿ ಉಣ್ಣಲು ಅನುವಾಗಲೆಂದು ಆಗಲೇ ಕಲಸಿದ್ದರು. ಇನ್ಸ್‌ಪೆಕ್ಟರರನ್ನು ದಾಟಿ ಹೋಗಿ, ಮಗನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಟ್ಟೆಯನ್ನು ಅವನ ಬಲಗೈಗೆ ಎಟುಕುವಂತೆ ಇಟ್ಟರು.