ಕಮೋಲಿಯಲ್ಲಿ ಕಾಣೆಯಾದ ಚಾವಿ

ವ್ಯಾನಿನ ಚಾವಿ ಕಾಣೆಯಾದ ಸುದ್ದಿ ಬಂದಾಗ ರೋಹಿಣಿ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದಳು. ಇಟಲಿಯ ಸಮುದ್ರದಂಡೆಯ ಕಮೋಲಿ ಎಂಬ ಊರು. ಬಾಡಿಗೆಗೆ ಹಿಡಿದ ಮನೆಯ ಕಿಟಕಿ ತೆರೆದರೆ ಬಣ್ಣಬಣ್ಣದ ಮನೆಗಳ ಸಾಲು, ಅದರ ಕೆಳಗೆ ನೀಲಿ ನೀರು. ಇಂಥ ಜಾಗದಲ್ಲಿ ಒಂದು ಕಪ್ ಚಹಾ ನೆಮ್ಮದಿಯಿಂದ ಕುಡಿಯಲಿಕ್ಕೂ ಪುಣ್ಯ ಮಾಡಿರಬೇಕು.

"ಅಕ್ಕಾರ, ಚಾವಿ ನೋಡೀರೇನ್ರಿ?" ಡ್ರೈವರ್ ರಮೀಜ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. "ರಾತ್ರಿ ಬಾಗಲ ಹಂತೇಕ ಮೊಳಿಗೆ ತೂಗ ಹಾಕಿದ್ದೆ. ಈಗ ಇಲ್ಲ."

ರೋಹಿಣಿಗೆ ಬೆಟಗೇರಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ವ್ಯಾಪಾರ ಚೆನ್ನಾಗಿ ಮಾಡಿದ ಡೀಲರುಗಳಿಗೆ ಸಿಮೆಂಟ್ ಕಂಪನಿ ಈ ಸಲ ಫ್ರಾನ್ಸು, ಇಟಲಿಯ ಕಡಲತೀರದ ಟೂರು ಕೊಟ್ಟಿತ್ತು. ಒಬ್ಬೊಬ್ಬರಿಗೆ ಎರಡು ಟಿಕೆಟ್. ಎರಡನೆಯದರಲ್ಲಿ ರೋಹಿಣಿ ಕರೆತಂದಿದ್ದು ಬಾಲ್ಯದ ಗೆಳತಿ, ಗದಗಿನ ವಕೀಲೆ ಅಖ್ತರಿಯನ್ನು. ಯಾರಿಗೂ ಬಗೆಹರಿಯದ ಬೆಳ್ಳಟ್ಟಿಯ ಟ್ರ್ಯಾಕ್ಟರ್ ಟ್ರೇಲರ್ ಕಳವನ್ನು ಕುಂತಲ್ಲೇ ಬಿಡಿಸಿದ ಹೆಂಗಸು ಅವಳು. ಆ ಪ್ರಕರಣದಲ್ಲೂ ರೋಹಿಣಿ ಜೊತೆಗಿದ್ದಳು, ಅದನ್ನು ಸಿಕ್ಕಸಿಕ್ಕವರಿಗೆ ಹೇಳುವುದೂ ಅವಳೇ.

ಉಳಿದವರೆಂದರೆ ಮುಂಡರಗಿಯ ಪುಂಡಲೀಕಪ್ಪ, ಅವರ ಹೆಂಡತಿ ಚಂದ್ರವ್ವ, ಮತ್ತು ಶಿರಹಟ್ಟಿಯ ಹೊಸ ಜೋಡಿ ಸಂಜು, ಮೇಘಾ. ಲಕ್ಷ್ಮೇಶ್ವರದ ರಮೀಜ ಕೆಲವು ವರ್ಷಗಳಿಂದ ಇದೇ ದಂಡೆಯಲ್ಲಿ ಪ್ರವಾಸಿಗರ ವ್ಯಾನು ಓಡಿಸುತ್ತಿದ್ದ.

"ವ್ಯಾನಿನ ಮಾಲಕರಿಗೆ ಫೋನ್ ಮಾಡಿದೆ," ರಮೀಜ ಹೇಳಿದ. "ಹಿಂದ ಒಮ್ಮೆ ಚಾವಿ ಕಳದಿದ್ದೆ. ಈ ಸಲ ಮಧ್ಯಾಹ್ನದೊಳಗ ಸಿಗಲಿಲ್ಲಂದ್ರ ಬ್ಯಾರೆ ಡ್ರೈವರ್ ಬರ್ತಾನ, ನೀ ಮನಿಗೆ ಹೋಗು ಅಂದಾರ. ಅಮ್ಮಾಗ ಸಮುದ್ರ ತೋರಸ್ತೀನಂತ ಟಿಕೀಟ್ ತಗಸೀನ್ರಿ, ಅಕ್ಕಾರ. ಆಕಿಗೆ ಏನ್ ಹೇಳ್ಲಿ?"

ಅವನ ತಾಯಿ ರಮಜಾನಬಿ ಲಕ್ಷ್ಮೇಶ್ವರದಲ್ಲಿ ಆಗಲೇ ಚೀಲ ಕಟ್ಟಿ ಕೂತಿದ್ದಾಳೆಂದು ಅವನು ದಾರಿಯುದ್ದಕ್ಕೂ ಹೇಳಿದ್ದ. ರೋಹಿಣಿ ತನ್ನ ಚಹಾದ ಕಪ್ಪನ್ನು ಅವನ ಕೈಗಿಟ್ಟಳು.

ಅಷ್ಟರಲ್ಲಿ ಪುಂಡಲೀಕಪ್ಪ ಮಹಡಿ ಇಳಿದು ಬಂದರು. "ಚಾವಿ ಅಂದ್ರ ಹುಡುಗಾಟಕಿ ಅಂತ ಮಾಡೀಯೇನ ತಮ್ಮಾ? ಎಲ್ಲಾರೂ ಹುಡಕ್ರಿ, ಜಲ್ದಿ." ದಿನಾ ಎಲ್ಲರಿಗಿಂತ ಮೊದಲು ಬೂಟು ಕಟ್ಟಿ, ಬ್ಯಾಗು ಹಿಡಿದು ವ್ಯಾನಿನ ಮುಂದೆ ನಿಲ್ಲುವ ಮನುಷ್ಯ ಇವತ್ತು ರಬ್ಬರ್ ಚಪ್ಪಲಿಯಲ್ಲೇ ಬಂದಿದ್ದರು. ರಮೀಜನ ಕೆಲಸದ ಮಾತು ಕೇಳುತ್ತಲೇ ಅವರ ದನಿ ಇಳಿಯಿತು. ಕುರ್ಚಿ ಎಳೆದುಕೊಂಡು ಕೂತರು.

ಈ ಟೂರಿಗೆ ಪುಂಡಲೀಕಪ್ಪ ತಾವೇ ತಾವಾಗಿ ಮುಖಂಡರಾಗಿದ್ದರು. ನೀಸ್, ಮೊನಾಕೊ, ಸಾನ್ರೆಮೊ, ಎಲ್ಲ ಊರಲ್ಲೂ ಒಂದೇ ಪಾಠ: ಫೋಟೋ ಹೊಡೀರಿ, ಜಲ್ದಿ ಹತ್ರಿ. ನಿನ್ನೆ ಚಂದ್ರವ್ವ ವ್ಯಾನಿನಲ್ಲಿ ಮೆಲ್ಲಗೆ ಕೇಳಿದ್ದಳು. "ಒಂದ್ ಊರಾಗರ ನೀರಿಗೆ ಇಳಿಯೂಣ್ರಿ. ಕಾರವಾರ ತೋರಸ್ತೀನಂತ ಮದವ್ಯಾದಾಗಿಂದ ಹೇಳಾಕತ್ತೀರಿ, ಕಿಟಕಿಯಾಗಿಂದ ನೋಡಿ ನೋಡಿ ಸಾಕಾತು." ಪುಂಡಲೀಕಪ್ಪ ಎಲ್ಲರ ಮುಂದೆ ಗದರಿಸಿದ್ದರು: "ನಿನ್ನ ಸಲುವಾಗಿ ಎಲ್ಲಾರ ವ್ಯಾಳ್ಯಾ ಹಾಳ ಮಾಡ್ಲೇನು?" ಚಂದ್ರವ್ವ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಕಮೋಲಿ ಮುಟ್ಟುವವರೆಗೆ ಪುಂಡಲೀಕಪ್ಪ ಒಮ್ಮೆಯೂ ಜಲ್ದಿ ಎನ್ನಲಿಲ್ಲ.

ಮನೆಯೆಲ್ಲ ಜಾಲಾಡಿದ್ದಾಯಿತು. ಹಾಸಿಗೆ ಮಗುಚಿದರು, ಬೂಟು ಝಾಡಿಸಿದರು. ರೋಹಿಣಿಯ ಸಂಶಯವೆಲ್ಲ ಹೊಸ ಜೋಡಿಯ ಮೇಲೆ. ಅಡುಗೆಮನೆಯಲ್ಲಿ ಅಖ್ತರಿಯ ಕಿವಿಯ ಹತ್ತಿರ ಬಂದಳು.

"ಇದು ಇವರಿಬ್ಬರದ ಕೆಲಸ. ಈ ಊರಾಗ ಇನ್ನೊಂದ್ ದಿನ ಇರೂಣು ಅಂತ ಮೇಘಾ ನಿನ್ನೆ ಅಂದಿದ್ಲು. ಇಲ್ಲಂದ್ರ ಚಂದ್ರವ್ವ. ಆಕಿಗೂ ಸಿಟ್ಟು ಐತಿ."

"ನೀ ಹಿಂಗ ಆರೋಪಪಟ್ಟಿ ಹಾಕಿದ್ರ ಎಲ್ಲಾರೂ ಬಿಡುಗಡಿ ಆಗ್ತಾರ ನೋಡು," ಎಂದಳು ಅಖ್ತರಿ. "ಹೊಟ್ಟಿ ಹಸದೈತಿ. ಮದಲ ಒಂದ್ ರೊಟ್ಟಿ ಕೊಡು."

ಪುಂಡಲೀಕಪ್ಪ ಒಳಗೆ ಇಣುಕಿ ನೀರು ಕೇಳಿದರು. ಕೊಟ್ಟ ನೀರು ಕುಡಿದು ಹೋದವರು ಮತ್ತೆ ಬಂದು ಮತ್ತೆ ನೀರು ಕೇಳಿದರು. "ಇಲ್ಲಿ ಜಾಗ ಇಲ್ಲ, ಹೊರಗ ಕುಂಡ್ರಿ," ಎಂದು ರೋಹಿಣಿ ಅವರನ್ನು ಅಟ್ಟಿದಳು.

ಅವಳು ತಂದಿದ್ದು ಮೂರು ಡಬ್ಬಿ ಖಡಕ್ ರೊಟ್ಟಿ. ಬೆಟಗೇರಿಯಲ್ಲಿ ಖಡಕ್ ರೊಟ್ಟಿಯನ್ನು ಬುಟ್ಟಿಯಲ್ಲಿ ಇಟ್ಟು ಮರೆತು ತಿಂಗಳು ಕಳೆದರೂ ಮುರಿದರೆ ಸದ್ದು ಬರುತ್ತದೆ. ಅದೇ ನಂಬಿಕೆಯಲ್ಲಿ ನೀಸ್‌ನಲ್ಲಿ ಮೊದಲ ರಾತ್ರಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟಿದ್ದಳು. ಬೆಳಿಗ್ಗೆ ರೊಟ್ಟಿ ಚಾದರದ ಹಾಗೆ ಮಡಚುತ್ತಿತ್ತು. ಕಡಲಗಾಳಿಯ ಪಸೆ ಅದು, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಬೇಕೆಂದು ರಮೀಜ ತೋರಿಸಿಕೊಟ್ಟಿದ್ದ. ಆವತ್ತು ಎಲ್ಲರೂ ಅಡುಗೆಮನೆಯಲ್ಲಿ ಕೂಡಿ ನಕ್ಕಿದ್ದರು. ಪುಂಡಲೀಕಪ್ಪ ಮಾತ್ರ ಅಂಗಳದಲ್ಲಿ ಅಂಗಡಿಗೆ ಫೋನು ಹಚ್ಚಿದ್ದರು. ಹೊರಡುವ ಮೊದಲು ಹಲ್ಲು ಕೀಳಿಸಿಕೊಂಡಿದ್ದ ಅವರಿಗೆ ಮೆತ್ತನೆಯ ಬ್ರೆಡ್ಡೇ ಗತಿ, ರೊಟ್ಟಿಯ ಗೊಡವೆ ಇರಲಿಲ್ಲ.

ರೋಹಿಣಿ ಕೈಗೆ ಸಿಕ್ಕ ಡಬ್ಬಿ ತೆಗೆದಳು. ಅದು ಕೊನೆಯದು, ಊರು ಬಿಟ್ಟ ಮೇಲೆ ತೆರೆದಿರಲಿಲ್ಲ. ಮೇಲಿನ ರೊಟ್ಟಿ ಎತ್ತಿದರೆ ಜೋತುಬಿತ್ತು.

"ಅಯ್ಯ, ಇದನ್ನ ನಾನ ಗಂಟ ಹಾಕಿ ಕಟ್ಟಿದ್ದೆ," ಎಂದಳು. ಈಗ ಪ್ಲಾಸ್ಟಿಕ್ ಚೀಲ ಡಬ್ಬಿಗೆ ಸುಮ್ಮನೆ ಸುತ್ತಿಕೊಂಡಿತ್ತು, ಗಂಟಿರಲಿಲ್ಲ.

ಅಖ್ತರಿ ರೊಟ್ಟಿಯನ್ನು ಮಡಚಿ, ಬಿಚ್ಚಿ, ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಸಾವಕಾಶ ತಿಂದಳು. ಆಮೇಲೆ ಕೈ ಒರೆಸಿಕೊಂಡಳು. "ಎಲ್ಲಾರನ್ನೂ ಪಡಸಾಲಿಗೆ ಕರಿ. ಡಬ್ಬಿ ನಾ ತರ್ತೀನಿ."

ಸಮುದ್ರ ಕಾಣುವ ಪಡಸಾಲೆಯಲ್ಲಿ ಎಲ್ಲರೂ ಕೂತರು. ರಮೀಜ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತ. ಅಖ್ತರಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ರೊಟ್ಟಿಗಳನ್ನೆಲ್ಲ ತಟ್ಟೆಗೆ ಸುರಿದಳು. ಕೊನೆಗೆ ಠಣ್ ಎಂದು ಚಾವಿ ಬಿತ್ತು.

ರಮೀಜ ಓಡಿ ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಯಾ ಅಲ್ಲಾ" ಎಂದಿದ್ದು ಎಲ್ಲರಿಗೂ ಕೇಳಿಸಿತು.

"ಬಾಗಲಕ್ಕ ಒಳಗಿಂದ ಚಿಲಕ ಇತ್ತು," ಅಖ್ತರಿ ಶುರುಮಾಡಿದಳು. "ಹೊರಗಿನವರು ಬಂದಿಲ್ಲ. ತಗದವರು ಕದಿಯಾಕ ತಗದಿಲ್ಲ, ಕಡೀ ಡಬ್ಬಿಯಾಗ ಇಟ್ಟಾರ. ಅಂದ್ರ ಒಂದೆರಡ ದಿನದಾಗ ತಾನ ಸಿಗಲಿ ಅನ್ನೂದು ಅವರ ಮನಸಿನಾಗಿತ್ತು."

"ಹಂಗಾದ್ರ ಯಾರು?" ಸಂಜು ಕೇಳಿದ.

"ರೊಟ್ಟಿ ಹೇಳ್ತು. ಗಂಟ ಬಿಚ್ಚಿದವರು ತಿರುಗಿ ಕಟ್ಟಿಲ್ಲ. ಈ ಗಾಳಿಗೆ ರೊಟ್ಟಿ ಮೆತ್ತಗಾಗ್ತಾವು ಅಂತ ಗೊತ್ತಿದ್ರ ಕಟ್ಟತಿದ್ರು, ಇಲ್ಲಂದ್ರ ಮುಂಜಾನೆ ಸಿಕ್ಕಬೀಳ್ತಾರ. ನೀಸ್‌ನಾಗ ರಮೀಜ ಅದನ್ನ ತೋರ್ಸಿದಾಗ ನೀನೂ ಇದ್ದಿ, ಮೇಘಾನೂ ಇದ್ಲು, ಚಂದ್ರವ್ವಾರೂ ಇದ್ರು. ಇರದಾವರು ಒಬ್ಬರ. ಮುಂಡರಗಿ ಗಾಳಿಯಾಗ ರೊಟ್ಟಿ ಹ್ಯಾಂಗಿಟ್ರೂ ಖಡಕ್ ಇರ್ತಾವು, ಇಲ್ಲೂ ಹಂಗ ಅಂತ ತಿಳದ್ರು."

ಎಲ್ಲರ ಕಣ್ಣೂ ಪುಂಡಲೀಕಪ್ಪನ ಕಡೆ ಹೊರಳಿದವು. ಅವರು ನೆಲ ನೋಡುತ್ತಿದ್ದರು.

"ದಿನಾ ಬೂಟ ಹಾಕ್ಕೊಂಡ ಇಳ್ಯಾವರು ಇವತ್ತ ಚಪ್ಪಲ್ ಮ್ಯಾಲೆ ಬಂದ್ರಿ, ಯಾಕಂದ್ರ ವ್ಯಾನ್ ಹೋಗೂದಿಲ್ಲಂತ ನಿಮಗ ಗೊತ್ತಿತ್ತು. ಹುಡುಗನ ನೌಕರಿ ಸುದ್ದಿ ಕೇಳಿದ ಮ್ಯಾಲೆ ಚಾವಿ ತಗ್ಯಾಕ ಅಡಗಿಮನಿಗೆ ಎಡತಾಕಿದ್ರಿ. ರೋಹಿಣಿ ಬಿಡಲಿಲ್ಲ. ಖರೆ ಅಲ್ರಿ?"

"ನಮ್ಮವರಾ?" ಚಂದ್ರವ್ವ ನಂಬಲಿಲ್ಲ. "ಜಲ್ದಿ ಜಲ್ದಿ ಅಂತ ಎಲ್ಲಾರ ಜೀವಾ ತಿಂದಾವರು ಇವರ. ಇವರ್ಯಾಕ ವ್ಯಾನ್ ನಿಲ್ಲಸ್ತಾರ?"

"ಅದನ್ನ ಅವರ ಹೇಳಬೇಕು," ಎಂದಳು ಅಖ್ತರಿ.

ಪುಂಡಲೀಕಪ್ಪ ತಲೆ ಎತ್ತಿದರು. "ನಿನ್ನೆ ಎಲ್ಲಾರ ಮುಂದ ಬೈದೆ. ಆಮ್ಯಾಲೆ ಇಕಿ ಕಿಟಕಿ ಕಡೆ ಮುಖಾ ಮಾಡಿ ಕುಂತ್ಲು, ನನಗ ನೋಡಾಕಾಗಲಿಲ್ಲ. ಬೈದ ಬಾಯಿಲೆ ಮತ್ತ ನಿಲ್ಲೂಣು ಅಂತ ಹ್ಯಾಂಗ ಹೇಳ್ಲಿ? ಚಾವಿ ಸಿಗಲಿಲ್ಲಂದ್ರ ವ್ಯಾನ್ ನಿಲ್ಲತೈತಿ, ಒಂದ್ ದಿನ ಇಕಿ ನೀರಿಗೆ ಇಳೀತಾಳ ಅಂದೆ. ಈ ಹುಡುಗನ ಅನ್ನಕ್ಕ ಕಲ್ಲ ಬೀಳ್ತೈತಿ ಅನ್ನೂದು ತಲಿಗೆ ಹೊಳೀಲಿಲ್ಲ. ತಪ್ಪಾತು."

"ತಪ್ಪಾತು ಅನ್ನೂದು ನಮಗಲ್ಲ," ಅಖ್ತರಿ ರಮೀಜನ ಫೋನು ತೋರಿಸಿದಳು.

ಮುಂಡರಗಿಯಲ್ಲಿ ಯಾರಿಗೂ ತಲೆಬಾಗದ ಪುಂಡಲೀಕಪ್ಪ ಫೋನು ಹಿಡಿದು ಎದ್ದು ನಿಂತರು. "ಸಾಹೇಬ, ಗಲತಿ ಮೇರಾ ಹೈ. ಬಚ್ಚಾ ಕಾ ಕುಛ್ ನಹೀಂ. ಚಾವಿ ಮೈ ರೊಟ್ಟಿ ಮೇ ರಖಾ." ತಪ್ಪು ತನ್ನದು, ಹುಡುಗನದಲ್ಲ, ಚಾವಿಯನ್ನು ರೊಟ್ಟಿಯಲ್ಲಿಟ್ಟಿದ್ದು ತಾನೇ ಎಂದು ಆ ಕಡೆಯ ಉತ್ತರ ಭಾರತದ ಮಾಲೀಕನಿಗೆ ಮೂರು ಸಲ ಬಿಡಿಸಿ ಹೇಳಬೇಕಾಯಿತು. ಕೊನೆಗೆ ಫೋನು ರಮೀಜನ ಕೈಗೆ ಬಂತು. ಅವನು ಕೇಳಿಸಿಕೊಂಡ, ಕಣ್ಣೊರೆಸಿಕೊಂಡ.

"ನಗಾಕತ್ತಾರ," ಎಂದ. "ಇನ್ನ ಮುಂದ ಚಾವಿ ಕೊರಳಾಗ ಕಟ್ಟಿಕೋ ಅಂದ್ರು. ಇವತ್ತ ಸಂಜಿಗೆ ಹೊಂಟ್ರೂ ನಡೀತೈತಂತ."

ರೋಹಿಣಿ ಮೇಘಾಳ ಬೆನ್ನು ಸವರಿದಳು. ಯಾಕೆಂದು ಆ ಹುಡುಗಿಗೆ ತಿಳಿಯಲಿಲ್ಲ, ರೋಹಿಣಿಯೂ ಹೇಳಲಿಲ್ಲ.

ತಟ್ಟೆಯ ಮೆತ್ತನೆಯ ರೊಟ್ಟಿ ಪುಂಡಲೀಕಪ್ಪನ ಹಲ್ಲಿಗೆ ಸರಿಹೋಯಿತು. ಮನೆ ಬಿಟ್ಟಾಗಿನಿಂದ ಮೊದಲ ಸಲ ಹೊಟ್ಟೆತುಂಬ ತಿಂದರು. ಅವರು ಕೈ ತೊಳೆಯುವುದರೊಳಗೆ ಚಂದ್ರವ್ವ ಕಚ್ಚೆ ಬಿಗಿದು ದಂಡೆಗೆ ಇಳಿದಿದ್ದಳು. ಎಲ್ಲರೂ ಹಿಂದೆ ಹೋದರು. ಕಲ್ಲುಹರಳುಗಳ ಮೇಲೆ ತಡವರಿಸುತ್ತ ಅವಳು ಮೊಣಕಾಲು ಮಟ ನೀರಿಗೆ ಹೋದಳು, ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಚ್ಚಿಕೊಂಡಳು, ಉಪ್ಪು ತಾಗಿ ನಕ್ಕಳು.

ಪುಂಡಲೀಕಪ್ಪ ದಂಡೆಯಲ್ಲೇ ನಿಂತಿದ್ದರು. ಕೈಯಲ್ಲಿ ಅವಳ ಚಪ್ಪಲಿ.

ಚಂದ್ರವ್ವ ತಿರುಗಿ ನೋಡಿ ಕೈ ಚಾಚಿದಳು.

"ಅಲ್ಲೇನ್ ನಿಂತೀರಿ? ಬರ್ರಿ, ಜಲ್ದಿ."