ಕೈಗೆ ಬಂದ ಚೆಂಡು

ಚೆಂಡು ಜೋಸಿಯ ಎದೆಗೆ ಬಂದು ಬಡಿಯಿತು. ಅವಳ ಎರಡು ಕೈಗಳೂ ತಾವಾಗಿಯೇ ಅದನ್ನು ಅಪ್ಪಿಕೊಂಡವು.

ಮರುಕ್ಷಣವೇ ಅವಳು ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಅದನ್ನು ನೆಲಕ್ಕೆ ಬಿಸಾಕಿದಳು. ಎರಡು ತುದಿ ಚೂಪಾದ ಆ ಕಂದು ಚೆಂಡು ಹುಲ್ಲಿನ ಮೇಲೆ ಅಡ್ಡಾದಿಡ್ಡಿ ಕುಪ್ಪಳಿಸಿ ಬಿದ್ದುಕೊಂಡಿತು. ರೆಫರಿ ಸೀಟಿ ಊದಿದರು.

“ಪಾಸ್ ನೆಲದ ಪಾಲು!” ಎಂದು ಮೈಕಿನಲ್ಲಿ ಕೂಗಿದರು ಹಲ್ಲಿನ ಡಾಕ್ಟರು. ವಾರವೆಲ್ಲ ಊರಿನ ಮಕ್ಕಳ ಬಾಯಿ ತೆರೆಸುವ ಡಾಕ್ಟರು, ಶನಿವಾರ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ತಾವೇ ಬಾಯಿ ತೆರೆಯುತ್ತಿದ್ದರು.

“ಸರ್, ನಾನು ಹಿಡೀಲಿಲ್ಲ! ಬಿಟ್ಬಿಟ್ಟೆ!” ಎಂದು ಜೋಸಿ ರೆಫರಿಗೆ ಎರಡೂ ಕೈ ಎತ್ತಿ ತೋರಿಸಿದಳು. ರೆಫರಿ ಅವಳನ್ನು ಒಂದು ಥರಾ ನೋಡಿದರು. ತಪ್ಪಾಯಿತು ಎಂದು ಸಾರುವ ಹಳದಿ ಬಾವುಟ ಅವರ ಸೊಂಟದಲ್ಲೇ ಉಳಿಯಿತು. ಸದ್ಯ, ಬಚಾವಾದೆ ಅಂದುಕೊಂಡಳು ಜೋಸಿ.

ಅವಳ ಹೆಲ್ಮೆಟ್ ಮೇಲೆ ಹಣೆಯಿಂದ ಹಿಂದಲೆಯವರೆಗೆ ಒಂದು ಕೆಂಪು ಪಟ್ಟಿ ಅಂಟಿಸಿದ್ದರು. ಮಕ್ಕಳ ಲೀಗಿನಲ್ಲಿ ತೂಕ ಜಾಸ್ತಿ ಇದ್ದವರಿಗೆಲ್ಲ ಆ ಪಟ್ಟಿ. ಪಟ್ಟಿಯವರು ಚೆಂಡು ಹಿಡಿದು ಓಡುವ ಹಾಗಿಲ್ಲ. ಅವರಿಗೆ ಯಾರೂ ಪಾಸ್ ಎಸೆಯುವ ಹಾಗಿಲ್ಲ. ಸಾಲಿನಲ್ಲಿ ನಿಂತು, ನುಗ್ಗಿ ಬರುವವರನ್ನು ತಡೆದು, ಹಿಂದೆ ನಿಂತು ಪಾಸ್ ಎಸೆಯುವ ಟೋಬಿಯನ್ನು ಕಾಪಾಡಬೇಕು. ಅಷ್ಟೇ ಅವರ ಕೆಲಸ.

ಜೋಸಿ ಆ ಕೆಲಸದಲ್ಲಿ ಗಟ್ಟಿಗಿತ್ತಿ. ಅವಳನ್ನು ದಾಟಿ ಹೋಗುವುದಕ್ಕಿಂತ ನದಿಯನ್ನು ಈಜಿ ದಾಟುವುದು ಸುಲಭ ಎನ್ನುತ್ತಿದ್ದರು ಕೋಚ್ ಲೂ. ಆದರೆ ಡಾಕ್ಟರ ಮೈಕಿನಲ್ಲಿ ಬರುವುದು ಎಸೆದವರ ಹೆಸರು, ಹಿಡಿದವರ ಹೆಸರು. “ಹಿಡಿದವರು, ಅಮಾ...ರಿ ಫೋರ್ಡ್!” ಅಂದರೆ ಅದು ಮುಚ್ಚಿದ ಉಕ್ಕಿನ ಕಾರ್ಖಾನೆಯ ಗೋಡೆಗೆ ಬಡಿದು ಇನ್ನೊಂದು ಸಲ ಕೇಳುತ್ತಿತ್ತು. ತಡೆದವರ ಹೆಸರನ್ನು ಯಾರು ಕೂಗುತ್ತಾರೆ?

ಒಂದೇ ಒಂದು ಸಲ “ಹಿಡಿದವರು, ಜೋಸಿ ಹುದಾಕ್!” ಅಂತ ಕೇಳಬೇಕು. ಜೋಸಿಗೆ ಇದ್ದ ಆಸೆ ಇದೊಂದೇ. ಯಾರಿಗೂ ಹೇಳಿರಲಿಲ್ಲ, ಅಜ್ಜಿಗೆ ಬಿಟ್ಟು.

ಪಂದ್ಯ ಮುಗಿದ ಮೇಲೆ ಅಜ್ಜಿಯ ಹಳೇ ಪಿಕಪ್ ಗಾಡಿ ಹತ್ತಿದರು. ಶನಿವಾರ ಅಮ್ಮನಿಗೆ ಆಸ್ಪತ್ರೆ ಡ್ಯೂಟಿ. ಪಂದ್ಯಕ್ಕೆ ಬರುವವಳು ಅಜ್ಜಿಯೇ. ಅಜ್ಜಿ ಬಾಗಿಲನ್ನು ಧಡಾರ್ ಎಂದು ಹಾಕಿದಳು.

“ಯಾಕೇ ಬಿಸಾಕ್ದೆ?”

“ಏನು?”

“ಏನು ಅಂದ್ರೆ? ಚೆಂಡು ಕಣೇ! ಕೈಯಲ್ಲಿತ್ತು!”

“ಪಟ್ಟಿಯವರು ಹಿಡೀಬಾರ್ದಲ್ಲ ಅಜ್ಜಿ. ಫ್ಲ್ಯಾಗ್ ಹಾಕ್ತಾರೆ.”

“ಯಾವನು ಹೇಳ್ದ? ಟೋಬಿ ಎಸೆದ. ಆ ಕಡೆ ಹುಡುಗ ಕೈ ಎತ್ತಿದ. ಚೆಂಡು ಅವನ ಬೆರಳಿಗೆ ತಾಗ್ತಾ, ಇಲ್ವಾ?”

“ತಾಗ್ತು. ತಾಗಿದ ಮೇಲೇ ನನ್ನ ಹತ್ರ ಬಂತು.”

“ಮುಗೀತಲ್ಲ! ಎದುರಿನವರ ಕೈ ತಾಗಿದ ಮೇಲೆ ಪಾಸು ಊರೋರ ಸೊತ್ತು. ಯಾರು ಬೇಕಾದ್ರೂ ಹಿಡೀಬಹುದು. ಪಟ್ಟಿ ಇದ್ರೂ ಹಿಡೀಬಹುದು. ಹಿಡಿದು ಓಡೋ ಹಾಗಿಲ್ಲ, ನಿಂತಲ್ಲೇ ಮಂಡಿ ಊರ್ಬೇಕು. ಅಷ್ಟೇ! ಆ ಡಾಕ್ಟರು ನಿನ್ನ ಹೆಸರು ಕೂಗೋಕೆ ಬಾಯಿ ತೆಗ್ದಿದ್ರು ಕಣೇ, ಪೆದ್ದೀ!”

ಅಜ್ಜಿ ಹೇಳಿದಳೆಂದರೆ ಅದು ಸರಿಯೇ. ಅಮ್ಮ ಹುಟ್ಟುವ ಮೊದಲಿನಿಂದಲೂ ಅದೇ ಬೆಂಚಿನ ತುದಿಯಲ್ಲಿ ಕೂತು ರೆಫರಿಗಳನ್ನು ಬೈದವಳು ಅವಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇದು ಅದಕ್ಕಿಂತ ಕಡೆ. ತುತ್ತನ್ನು ಜೋಸಿಯೇ ಎಸೆದಿದ್ದಳು. ಅವಳ ಬಲಮಂಡಿ ತಾನಾಗಿಯೇ ಕುಣಿಯತೊಡಗಿತು. ಕುಣಿದೇ ಕುಣಿಯಿತು.

ಕೆಂಪು ದೀಪದಲ್ಲಿ ಗಾಡಿ ನಿಂತಾಗ ಅಜ್ಜಿ ಆ ಮಂಡಿಯ ಮೇಲೆ ಕೈ ಒತ್ತಿದಳು. “ನಿಲ್ಸೇ. ಇಡೀ ಗಾಡಿ ಅಲ್ಲಾಡ್ತಿದೆ.”

ಕೈ ತೆಗೆದಳು. ಮಂಡಿ ಮತ್ತೆ ಶುರುವಾಯಿತು.

ಆ ವಾರವೆಲ್ಲ ಜೋಸಿಗೆ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆ. ಕ್ಲಾಸಿನಲ್ಲಿ ಅವಳ ಮಂಡಿ ಕುಣಿದು ಪಕ್ಕದವನ ಪೆನ್ಸಿಲ್ ಡಬ್ಬಿ ಕೆಳಗೆ ಬಿತ್ತು. ಊಟದ ಹಾಲ್‌ನಲ್ಲಿ ಯಾರೋ ಅವಳ ತಲೆಯ ಮೇಲಿಂದ ಸೇಬು ಎಸೆದರೆ, ಎಗರಿ ಅದನ್ನೂ ಹಿಡಿದಳು. “ಅದು ನಂದು!” ಎಂದು ಅತ್ತ ಕಡೆಯವನು ಕಿರುಚಿದ. ಸೀಸನ್ನಿನಲ್ಲಿ ಇನ್ನು ಒಂದೇ ಪಂದ್ಯ ಉಳಿದಿತ್ತು.

ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಅಜ್ಜಿಯ ಗುಂಪು ಪಿರೋಗಿ ಮಾಡುತ್ತಿತ್ತು. ಹಿಟ್ಟಿನ ಬಿಲ್ಲೆಯೊಳಗೆ ಆಲೂಗಡ್ಡೆ, ಚೀಸ್ ಇಟ್ಟು ಮಡಚಿ ಅಂಚು ಒತ್ತುವುದು ಜೋಸಿಯ ಕೆಲಸ.

“ಅಜ್ಜಿ, ಚೆಂಡು ಮತ್ತೆ ಹಾಗೆ ಬರತ್ತಾ?”

“ಬಂದ್ರೂ ಬಂತು. ಕರೆದ್ರೆ ಬರೋ ನೆಂಟ ಅಲ್ಲ ಅದು.”

“ಬರೋ ಹಾಗೆ ನಾನೇನಾದ್ರೂ ಮಾಡ್ಬಹುದಾ?”

“ಮಾಡ್ಬಹುದು. ಅಂಚು ಸರಿಯಾಗಿ ಒತ್ಬಹುದು,” ಎಂದಳು ಅಜ್ಜಿ. ಜೋಸಿ ಕೆಳಗೆ ನೋಡಿದರೆ ಬೆರಳ ಸಂದಿಯಿಂದ ಆಲೂಗಡ್ಡೆ ಹೊರಗೆ ಬಂದಿತ್ತು. ಎದುರು ಕೂತಿದ್ದ ಅಜ್ಜಿಯರೆಲ್ಲ ನಕ್ಕರು. ಜೋಸಿ ನಗಲಿಲ್ಲ.

ಶನಿವಾರ ಬಂತು. ಎದುರು ತಂಡ ಹೊಳೆಯಾಚೆ ಊರಿನದು. ಜೋಸಿಯ ಎದುರು ನಿಂತವನ ಅಂಗಿಯ ಮೇಲೆ ಎಪ್ಪತ್ತೇಳು ಎಂದಿತ್ತು. ಅವಳಷ್ಟೇ ದಪ್ಪ, ಅವಳಿಗಿಂತ ಎತ್ತರ. ಅವನ ಹೆಲ್ಮೆಟ್ಟಿಗೂ ಕೆಂಪು ಪಟ್ಟಿ.

ಮೊದಲರ್ಧದಲ್ಲಿ ಜೋಸಿಯ ಮನಸ್ಸು ಎರಡು ದೋಣಿಯ ಮೇಲೆ ಕಾಲಿಟ್ಟಿತ್ತು. ಕೈ ಎಪ್ಪತ್ತೇಳನ್ನು ತಡೆಯುತ್ತಿತ್ತು, ಕಣ್ಣು ಚೆಂಡು ಹುಡುಕುತ್ತಿತ್ತು. ಟೋಬಿ ಈಗ ಎಸೆಯುತ್ತಾನಾ? ಯಾರ ಕೈಗಾದರೂ ತಾಗುತ್ತಾ? ಒಂದು ಸಲ ತಡೆಯಲಾರದೆ ಅವಳು ಕತ್ತು ತಿರುಗಿಸಿ ಹಿಂದೆ ನೋಡಿದಳು.

ಅಷ್ಟು ಸಾಕಾಯಿತು. ಎಪ್ಪತ್ತೇಳು ಅವಳ ಭುಜದ ಪಕ್ಕದಿಂದ ನುಸುಳಿ ಹೋದ. ಧೊಪ್ ಎಂದು ಸದ್ದಾಯಿತು.

ಟೋಬಿ ಅಂಗಾತ ಬಿದ್ದಿದ್ದ. ಬಾಯಿ ತೆರೆದಿತ್ತು, ಉಸಿರು ಬರುತ್ತಿರಲಿಲ್ಲ. ಕೋಚ್ ಲೂ ಓಡಿ ಬಂದರು. ಜೋಸಿ ಅವನ ಪಕ್ಕ ಬಗ್ಗಿ ನಿಂತಳು. ಕೊನೆಗೆ ಟೋಬಿ ಹಕ್ ಎಂದು ಉಸಿರೆಳೆದುಕೊಂಡು ಎದ್ದು ಕೂತ.

“ಸಾರಿ, ಟೋಬಿ.”

“ನೀನು ನನ್ನನ್ನ ನೋಡ್ತಿದ್ದೆ,” ಎಂದ ಟೋಬಿ. ಅವನಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. “ಯಾಕೆ ನನ್ನನ್ನ ನೋಡ್ತಿದ್ದೆ?”

ಜೋಸಿ ಅವನ ಭುಜದ ಮೇಲಿನ ಹುಲ್ಲು ತೆಗೆದಳು.

“ನಾನು ದೂರದಲ್ಲಿರೋ ಅಮಾರಿ ಕಡೆ ನೋಡ್ತಿರ್ತೀನಿ. ಯಾರು ನುಗ್ಗಿ ಬಂದ್ರೂ ನಂಗೆ ಕಾಣಲ್ಲ. ನೀನಿದ್ದೀಯಾ ಅಂತ ಒಂದ್ಸಲಾನೂ ನೋಡಲ್ಲ ನಾನು. ನೀನು ಇದ್ದೇ ಇರ್ತೀಯಲ್ಲ.”

ಅವನು ಎದ್ದು ಪ್ಯಾಂಟು ಕೊಡವಿಕೊಂಡು ಹೋದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಜೋಸಿಗೆ. ಆಮೇಲೆ ಅವಳು ಹಿಂದೆ ನೋಡಲಿಲ್ಲ. ನೋಡಬೇಕೆಂಬ ತುರಿಕೆ ಮಾತ್ರ ಹೋಗಲಿಲ್ಲ.

ಪಂದ್ಯದ ತುದಿಗೆ ಜೋಸಿಯ ತಂಡ ಮೂರು ಪಾಯಿಂಟ್ ಹಿಂದಿತ್ತು. ಗೋಲ್ ಗೆರೆ ಹತ್ತಿರದಲ್ಲೇ ಇತ್ತು. ಆಟ ನಿಲ್ಲಿಸಿ ಎಂದು ಕೇಳುವ ಅವಕಾಶಗಳೆಲ್ಲ ಖರ್ಚಾಗಿದ್ದವು. ಗಡಿಯಾರದಲ್ಲಿ ಉಳಿದಿದ್ದದ್ದು ಬರೀ ಸೆಕೆಂಡುಗಳು. ಕೋಚ್ ಲೂ ಎಲ್ಲರನ್ನೂ ಒಂದು ಗುಡ್ಡೆ ಹಾಕಿಕೊಂಡರು.

“ಕೇಳಿ. ಪಾಸು ನೆಲಕ್ಕೆ ಬಿದ್ರೆ ಗಡಿಯಾರ ನಿಲ್ಲತ್ತೆ, ನಮಗೆ ಇನ್ನೊಂದು ಚಾನ್ಸ್ ಸಿಗತ್ತೆ. ಗೋಲ್ ಗೆರೆಗಿಂತ ಈಚೆ ಹಿಡಿದು ಕೂತ್ರೋ, ಗಡಿಯಾರ ಓಡ್ತಾನೇ ಇರತ್ತೆ, ಆಟ ಮುಗೀತು. ಅಮಾರಿ, ಹಿಡಿದ್ರೆ ಗೆರೆ ಆಚೆ ಹಿಡಿ, ಆರು ಪಾಯಿಂಟ್ ಬರತ್ತೆ, ಗೆದ್ವಿ. ಇಲ್ಲಾಂದ್ರೆ ಬಿಡು. ಅರ್ಥ ಆಯ್ತಾ?”

“ಆಯ್ತು, ಕೋಚ್!”

ಸಾಲು ನಿಂತಿತು. ಚೆಂಡು ಹಿಂದಕ್ಕೆ ಟೋಬಿಯ ಕೈಗೆ ಹೋಯಿತು. ಎಪ್ಪತ್ತೇಳು ಗೂಳಿಯ ಹಾಗೆ ನುಗ್ಗಿದ. ಜೋಸಿ ಅವನ ಎದೆಗೆ ಎರಡೂ ಅಂಗೈ ಕೊಟ್ಟು ನಿಂತಳು. ಬೆನ್ನ ಹಿಂದೆ ಟೋಬಿಯ ಬೂಟುಗಳು ಹುಲ್ಲು ಕೆರೆಯುವ ಸದ್ದು. ನೋಡಬೇಡ, ನೋಡಬೇಡ ಎಂದು ತನಗೆ ತಾನೇ ಹೇಳಿಕೊಂಡಳು.

ದಾಟಲಾಗದೆ ಎಪ್ಪತ್ತೇಳು ಕುಪ್ಪಳಿಸಿ ಕೈ ಎತ್ತಿದ.

ಟಪ್!

ಚೆಂಡು ಅವನ ಬೆರಳಿಗೆ ತಾಗಿ ನೇರ ಮೇಲಕ್ಕೆ ಹಾರಿತು. ಗಿರಗಿರ ಸುತ್ತುತ್ತಾ ನಿಂತಂತೆ ಮಾಡಿತು. ಆಮೇಲೆ ಕೆಳಗೆ ಬರತೊಡಗಿತು, ಬೇರೆಲ್ಲಿಗೂ ಅಲ್ಲ, ಜೋಸಿಯ ಕಡೆಗೇ.

“ಹಿಡಿಯೇ ಜೋಸೀ!” ಬೆಂಚಿನ ತುದಿಯಿಂದ ಅಜ್ಜಿಯ ಗಂಟಲು ಎಲ್ಲರ ಗಂಟಲನ್ನೂ ಮೀರಿ ಬಂತು. “ನಿಂದೇ ಅದು! ಹಿಡಿಯೇ!”

ಜೋಸಿಯ ಕೈಗಳು ಮೇಲೆದ್ದವು. ಕರೆಯದೆ ನೆಂಟ ಬಂದಿದ್ದ! ಹಿಡಿ, ಮಂಡಿ ಊರು, ಹೆಸರು ಕೇಳು. ಇನ್ನೇನು ಬೇಕು?

ಚೆಂಡಿನ ಹಿಂದೆಯೇ, ಮೈದಾನದ ತುದಿಯ ಕಂಬದಲ್ಲಿ ಗಡಿಯಾರ ಕಾಣಿಸಿತು. ಏಳು. ಆರು.

ಇಲ್ಲಿ ಮಂಡಿ ಊರಿದರೆ ಗಡಿಯಾರ ನಿಲ್ಲುವುದಿಲ್ಲ.

ಜೋಸಿ ಎರಡೂ ಅಂಗೈ ಅಗಲಿಸಿ, ಇದ್ದ ಬಲವನ್ನೆಲ್ಲ ಹಾಕಿ ಚೆಂಡನ್ನು ನೆಲಕ್ಕೆ ಬಾರಿಸಿದಳು.

ಸೀಟಿ ಮೊಳಗಿತು. ಗಡಿಯಾರ ನಿಂತಿತು.

“ಪಾಸ್ ನೆಲದ ಪಾಲು!” ಎಂದರು ಡಾಕ್ಟರು.

“ಅಯ್ಯೋ, ಮತ್ತೆ ಬಿಟ್ಲು!” ಎಂದು ಜನ ಗೊಣಗಿದರು. “ಹೋದ ವಾರಾನೂ ಹೀಗೇ ಮಾಡಿದ್ಲು, ಪಾಪ!” ಎಂದಿತು ಇನ್ನೊಂದು ದನಿ. ಅಜ್ಜಿ ಎದ್ದು ನಿಂತು ತಲೆಯ ಮೇಲೆ ಕೈ ಹೊತ್ತಿದ್ದಳು. ಜೋಸಿಗೆ ಅಳು ಬಂತು. ಹೆಲ್ಮೆಟ್ಟಿನ ಒಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ. ಅವಳು ಹೋಗಿ ತನ್ನ ಜಾಗದಲ್ಲಿ ಬಗ್ಗಿ ನಿಂತಳು.

ಕೊನೆಯ ಚಾನ್ಸ್. ಎಪ್ಪತ್ತೇಳು ಬಂದ. ಅವನ ಭಾರಕ್ಕೆ ಜೋಸಿಯ ಬೂಟು ಮಣ್ಣಿನಲ್ಲಿ ಹೂತಿತು. ಅವಳಿಗೆ ಕಾಣುತ್ತಿದ್ದದ್ದು ಅವನ ಅಂಗಿಯ ನಂಬರ್ ಮಾತ್ರ. ತಲೆಯ ಮೇಲೆ ಸುಯ್ ಎಂದು ಏನೋ ಹೋಯಿತು. ಆಮೇಲೆ ಹೋ ಎಂಬ ಕೂಗು.

ಯಾರ ಕಡೆಯ ಕೂಗು? ಎಪ್ಪತ್ತೇಳು ತಿರುಗಿ ನೋಡಿದ. ಅವನ ಭುಜ ಎರಡೂ ಇಳಿದವು. ಆಗ ಜೋಸಿಗೆ ಗೊತ್ತಾಯಿತು.

“ಎಸೆದವರು ಟೋಬಿ ಮಿಲ್ಲರ್! ಹಿಡಿದವರು ಅಮಾ...ರಿ ಫೋರ್ಡ್!” ಕಾರ್ಖಾನೆಯ ಗೋಡೆ ಎರಡು ಹೆಸರನ್ನೂ ತಿರುಗಿ ಹೇಳಿತು.

ಎಲ್ಲರೂ ಅಮಾರಿಯ ಮೇಲೆ ಬಿದ್ದು ಕುಣಿಯಲು ಓಡಿದರು. ಜೋಸಿಯೂ ಹೊರಟಳು. ಹಿಂದಿನಿಂದ ಯಾರೋ ಅವಳ ಅಂಗಿಯ ನಂಬರ್ ಹಿಡಿದು ಕರೆದರು. “ಏಯ್, ಅರವತ್ನಾಲ್ಕು!”

ಎಪ್ಪತ್ತೇಳು ಹೆಲ್ಮೆಟ್ ತೆಗೆದಿದ್ದ. ಕೂದಲು ಬೆವರಿಗೆ ಅಂಟಿಕೊಂಡು ಅವನು ಚಿಕ್ಕ ಹುಡುಗನಂತೆ ಕಾಣುತ್ತಿದ್ದ.

“ಆವಾಗ ಕೈ ಜಾರಿದ್ದಲ್ಲ,” ಎಂದ. “ನೀನು ಬೇಕಂತಲೇ ಚೆಂಡು ನೆಲಕ್ಕೆ ಹೊಡೆದೆ.”

“ಹೂಂ.”

“ನಾನಾಗಿದ್ರೆ ಹಿಡಿದುಬಿಡ್ತಿದ್ದೆ. ಒಂದ್ಸಲಾನೂ ಚೆಂಡು ಹಿಡಿದಿಲ್ಲ ಗೊತ್ತಾ ನಾನು? ಸೇರಿದಾಗಿಂದ ಇದೇ ಪಟ್ಟಿ.”

“ನಾನೂ ಹಿಡೀಬೇಕು ಅಂತಾನೇ ಇದ್ದೆ,” ಎಂದಳು ಜೋಸಿ.

ಅವನು ತನ್ನ ಹೆಲ್ಮೆಟ್ಟನ್ನು ಮುಂದೆ ಚಾಚಿದ. ಜೋಸಿ ತನ್ನದನ್ನು ತೆಗೆದು ಅದಕ್ಕೆ ಟಕ್ ಎಂದು ತಾಗಿಸಿದಳು, ಪಟ್ಟಿಗೆ ಪಟ್ಟಿ. ಅವನು ಕಾಲೆಳೆದುಕೊಂಡು ತನ್ನವರ ಕಡೆ ಹೋದ.

ಗಾಡಿ ಮೈದಾನದಿಂದ ಹೊರಗೆ ಬಂದಿತ್ತಷ್ಟೇ. ಅಜ್ಜಿಗೆ ತಡೆಯಲಾಗಲಿಲ್ಲ.

“ಅಷ್ಟು ಬಿಡಿಸಿ ಹೇಳಿದ್ನಲ್ಲೇ, ಹಿಡೀಬಹುದು ಅಂತ!”

“ಹಿಡೀಬಹುದು ಅಂದೆ ಅಜ್ಜಿ. ಹಿಡೀಲೇಬೇಕು ಅನ್ಲಿಲ್ಲ.”

“ಅಂದ್ರೆ?”

“ಆರು ಸೆಕೆಂಡ್ ಇತ್ತು.”

ಅಜ್ಜಿ ಕೆಂಪು ದೀಪ ಬಂದಿದ್ದನ್ನು ತಡವಾಗಿ ನೋಡಿ ಗಾಡಿ ನಿಲ್ಲಿಸಿದಳು.

“ನಾನು ಗಡಿಯಾರ ನೋಡ್ಲೇ ಇಲ್ಲ ಕಣೇ,” ಎಂದಳು ಮೆಲ್ಲಗೆ. “ನಿನ್ನನ್ನೇ ನೋಡ್ತಿದ್ದೆ.”

ಜೋಸಿ ತನ್ನ ಅಂಗೈಗಳನ್ನು ಮಗುಚಿ ನೋಡಿಕೊಂಡಳು. ಚೆಂಡು ಬಡಿದ ಜಾಗ ಇನ್ನೂ ಕೆಂಪಗಿತ್ತು, ಚುರುಚುರು ಅನ್ನುತ್ತಿತ್ತು. ಬೇಜಾರು ಇತ್ತು, ಇಲ್ಲವೆಂದರೆ ಸುಳ್ಳು. ಆದರೆ ಹೋದ ವಾರದ ಬೇಜಾರು ಇದಲ್ಲ.

ಅಜ್ಜಿ ರೂಢಿಯಂತೆ ಅವಳ ಬಲಮಂಡಿಯ ಮೇಲೆ ಕೈ ಒತ್ತಿದಳು. ಒತ್ತಿದವಳು ತಿರುಗಿ ನೋಡಿದಳು.

“ಇದೇನೇ ಇವತ್ತು, ಕುಣೀತಾನೇ ಇಲ್ಲ?”

ಜೋಸಿಯೂ ಬಗ್ಗಿ ತನ್ನ ಮಂಡಿಯನ್ನು ನೋಡಿದಳು. ಅದು ನಿಂತಿದ್ದು ಯಾವಾಗ ಎಂದು ಅವಳಿಗೂ ಗೊತ್ತಾಗಿರಲಿಲ್ಲ.